ಸ್ಟೆಪ್ನಿ ಯಾವುದು ಇಡ್ಬೇಕು ಸರ?

ನಮ್ಮ ಕಂಪನಿಯಲ್ಲಿ ಗಾಡಿ ಅಂದ್ರೆ ಟಿಪ್ಪರ್. ನಾನು ಬಳ್ಳಾರಿ ಆಫೀಸಿನ ವೆಹಿಕಲ್ ಇನ್‌ಚಾರ್ಜ್. ಬೆಳಿಗ್ಗೆ ಯಾರ್ಡಿಗೆ ಕಾಲಿಟ್ಟರೆ ಟ್ರಿಪ್ ಶೀಟ್, ಡೀಸೆಲ್ ಇಂಡೆಂಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದ ಗಾಡಿ, ಪರ್ಮಿಟ್ ಬಾರದ ಗಾಡಿ, ಡ್ರೈವರೇ ಬಾರದ ಗಾಡಿ. ಇಂಥದ್ದರ ನಡುವೆ 2021ರ ಶುರುವಿನಲ್ಲಿ ಒಂದು ದಿನ ಸಣ್ಣ ಧಣಿ ಫೋನ್ ಮಾಡಿದರು. "ಅಣ್ಣ, ಎರಡು ಎಸ್‌ಯುವಿ ಕಂಪೇರ್ ಮಾಡಿ ಒಂದು ಶೀಟ್ ಮಾಡಿಕೊಡ್ರಿ. ಅಪ್ಪಾಜಿಗೆ ತೋರಿಸ್ಬೇಕು."

ರೀಸೋಲ್ ಟೈರಿನ ಬಿಲ್ಲಿಗೆ ಮೂರು ಸಹಿ ಕೇಳುವ ಆಫೀಸು ನಮ್ಮದು. ಎರಡು ಕೋಟಿ ಗಾಡಿಗೆ ನನ್ನ ಒಂದು ಶೀಟ್ ಸಾಕಂತೆ.

ಒಂದು ಕಡೆ ಆಡಿ ಆರ್‌ಎಸ್ ಕ್ಯೂ8. 2020ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದದ್ದು, ಎಕ್ಸ್‌ಶೋರೂಂ 2.07 ಕೋಟಿ. ಇನ್ನೊಂದು ಕಡೆ ಬಿಎಂಡಬ್ಲ್ಯೂ ಎಕ್ಸ್5 ಎಂ ಕಾಂಪಿಟಿಷನ್. ಅದೇ ವರ್ಷ ನವೆಂಬರ್‌ನಲ್ಲಿ ಬಂತು, 1.95 ಕೋಟಿ. ಹನ್ನೆರಡು ಲಕ್ಷದ ವ್ಯತ್ಯಾಸ. ನಮ್ಮಂಥವರಿಗೆ ಅದೇ ಒಂದು ಕಾರು, ಅವರಿಗೆ ಅದು ಆಪ್ಷನ್ ಲಿಸ್ಟಿನ ಎರಡು ಸಾಲು.

ಶೀಟ್ ಮಾಡಲು ಕೂತೆ. ಎರಡಕ್ಕೂ ವಿ8, ಎರಡಕ್ಕೂ ಜೋಡಿ ಟರ್ಬೊ, ಎರಡಕ್ಕೂ 8 ಗೇರಿನ ಆಟೊಮ್ಯಾಟಿಕ್, ಎರಡರಲ್ಲೂ ನಾಲ್ಕೂ ಚಕ್ರ ಎಳೆಯುತ್ತವೆ. ಎಕ್ಸ್5 ಎಂಗೆ 4.4 ಲೀಟರ್, 625 ಪಿಎಸ್, 750 ಎನ್‌ಎಂ. ಆರ್‌ಎಸ್ ಕ್ಯೂ8ಗೆ 4 ಲೀಟರ್, 600 ಪಿಎಸ್, 800 ಎನ್‌ಎಂ. ಬಿಎಂಡಬ್ಲ್ಯೂನಲ್ಲಿ ಪವರ್ ಜಾಸ್ತಿ, ಆಡಿಯಲ್ಲಿ ಟಾರ್ಕ್, ಅಂದ್ರೆ ಎಳೆಯುವ ಬಲ, ಜಾಸ್ತಿ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ನೋಡಿದರೆ ಕಂಪನಿಗಳು ಹೇಳುವುದು ಎರಡಕ್ಕೂ 3.8. ಜಗಳವೇ ಇಲ್ಲ.

ಜಗಳ ಇಲ್ಲದಿದ್ದರೆ ಶೀಟ್ ಯಾಕೆ ಬೇಕು ಅಲ್ವಾ? ಅದಕ್ಕೆ ಮಾರ್ಕ್ಸ್ ಹಾಕಿದೆ. ಪವರಿಗೆ ಹತ್ತು, ಬೆಲೆಗೆ ಹತ್ತು, ಡಿಕ್ಕಿಗೆ ಐದು (ಎಕ್ಸ್5 ಎಂಗೆ 650 ಲೀಟರ್, ಆರ್‌ಎಸ್ ಕ್ಯೂ8ಗೆ 605), ಹಿಂದಿನ ಸೀಟಿಗೆ ಐದು. ಸಸ್ಪೆನ್ಷನ್‌ಗೆ ಎರಡು. ಟೈರ್ ಸೈಜನ್ನು ಕೊನೆಯ "ಇತರೆ" ಕಾಲಂನಲ್ಲಿ ಬರೆದೆ, ಅದಕ್ಕೆ ಮಾರ್ಕ್ಸೇ ಇಲ್ಲ. ಟೋಟಲ್‌ನಲ್ಲಿ ಬಿಎಂಡಬ್ಲ್ಯೂ ಮುಂದೆ ಬಂತು. ಶೀಟಿಗೆ ಹಳದಿ ಬಣ್ಣ ಬಳಿದು ಮೇಲ್ ಮಾಡಿದೆ. ಸಣ್ಣ ಧಣಿ ಅದನ್ನು ಗೆಳೆಯರ ಗ್ರೂಪಿಗೂ ಹಾಕಿಬಿಟ್ಟರು.

ಬೆಂಗಳೂರಿನಲ್ಲಿ ಓಡಿಸಿಯೂ ನೋಡಿದೆವು. ಚಳ್ಳಕೆರೆ, ಹಿರಿಯೂರು ಮೇಲೆ ಹೋಗಿ ಏರ್‌ಪೋರ್ಟ್ ರೋಡಿನಲ್ಲಿ ಒಂದು ರೌಂಡು. ನುಣ್ಣನೆ ರೋಡು, ಪಕ್ಕದಲ್ಲಿ ಸೆಂಟು ಹಚ್ಚಿಕೊಂಡ ಸೇಲ್ಸ್ ಹುಡುಗ. ಎಕ್ಸ್5 ಎಂ ಒತ್ತಿದ ತಕ್ಷಣ ಬೆನ್ನು ಸೀಟಿಗೆ ಅಂಟಿತು. ತಿರುವಿನಲ್ಲಿ ಅಷ್ಟು ದೊಡ್ಡ ಗಾಡಿ ವಾಲುವುದೇ ಇಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ತಲೆ ತಿರುಗಿತು. ಆರ್‌ಎಸ್ ಕ್ಯೂ8ರ ಡೆಮೊ ಗಾಡಿ ಅಂದು ಇರಲಿಲ್ಲ. "ಬಳ್ಳಾರಿಗೇ ಕಳಿಸ್ತೀವಿ ಸರ್" ಅಂದರು. ನಾನು ನಂಬಲಿಲ್ಲ. ಆದರೆ ಕಳಿಸಿದರು, ಕ್ಯಾರಿಯರ್ ಮೇಲೆ ಹೇರಿಕೊಂಡು.

ಈಗ ಚಾಚಾ ವಿಷಯ. ಚಾಚಾ ನಮ್ಮ ಹಿರಿಯ ಡ್ರೈವರ್. ಅದಿರು ಲಾರಿ ಹೊಡೆದು ಹೊಡೆದು, ಈಗ ದೊಡ್ಡ ಧಣಿಯವರ ಕಾರು ಓಡಿಸುತ್ತಾರೆ. ಡೆಮೊ ಗಾಡಿ ಕ್ಯಾರಿಯರ್‌ನಿಂದ ಇಳಿಯುತ್ತಿದ್ದಂತೆ ಎಲ್ಲರೂ ಬಾನೆಟ್ ಕಡೆ ಹೋದರು. ಚಾಚಾ ಮಂಡಿಯೂರಿ ಟೈರಿನ ಪಕ್ಕ ಕೂತರು. ರಿಮ್ಮಿನ ಅಂಚಿನಿಂದ ನೆಲದವರೆಗೆ ಬೆರಳು ಇಟ್ಟು ಅಳೆದರು. "ರೊಟ್ಟಿ ತಟ್ಟಿದಂಗ ಐತಲ್ರೀ ಸರ ಇದು" ಅಂದರು. ಸೇಲ್ಸ್ ಹುಡುಗ ನಕ್ಕ. ನಾನೂ ನಕ್ಕೆ.

ತೋರಣಗಲ್ಲು ದಾಟಿ ಸಂಡೂರು ಕಡೆ ಹೊರಟೆವು. ಚಾಚಾ ಸ್ಟೇರಿಂಗಿನಲ್ಲಿ, ನಾನು ಪಕ್ಕ, ಹಿಂದೆ ಸಣ್ಣ ಧಣಿ ಮತ್ತು ಸೇಲ್ಸ್ ಹುಡುಗ. ಆ ರೋಡು ಗೊತ್ತಿದ್ದವರಿಗೆ ಗೊತ್ತು. ಲೋಡ್ ಗಾಡಿ ಓಡಿ ಓಡಿ ಡಾಂಬರು ಎರಡು ಕಡೆ ಕುಸಿದು, ನಡುವೆ ದಿಂಡು ನಿಂತಿರುತ್ತದೆ. ಧೂಳು ಏಳದಿರಲಿ ಅಂತ ಹಿಂದಿನ ದಿನವಷ್ಟೇ ಟ್ಯಾಂಕರ್ ನೀರು ಹೊಡೆದಿದ್ದರು. ಗುಂಡಿಗಳಲ್ಲೆಲ್ಲ ಕೆಂಪು ನೀರು. ಯಾವುದು ಎಷ್ಟು ಆಳ ಅಂತ ಕಾಣುವುದಿಲ್ಲ.

ಒಂದು ಕಡೆ ರೋಡಿನ ಅಗಲಕ್ಕೂ ನೀರು. ಎದುರಿನಿಂದ ಖಾಲಿ ಟಿಪ್ಪರ್‌ಗಳು, ಹಿಂದೆ ಲೋಡ್ ಟಿಪ್ಪರ್‌ಗಳು. ಚಾಚಾ ನಿಲ್ಲಿಸಿಬಿಟ್ಟರು.

"ಹೋಗ್ರಿ ಚಾಚಾ, ಎರಡು ಕೋಟಿ ಗಾಡಿ ಇದು, ಏನಾಗಲ್ಲ" ಅಂದೆ.

"ಎರಡು ಕೋಟಿ ಅಂತಾನೇ ನಿಲ್ಸೀನಿ ಸರ" ಅಂದು ಡೋರ್ ತೆಗೆದು ಇಳಿದೇ ಬಿಟ್ಟರು.

ಹಿಂದಿನ ಟಿಪ್ಪರ್‌ಗಳು ಹಾರ್ನ್ ಹೊಡೆಯಲು ಶುರು ಮಾಡಿದವು. ಅದರಲ್ಲಿ ಎರಡು ನಮ್ಮವೇ. ನನ್ನ ಕೈ ಕೆಳಗಿನ ಡ್ರೈವರ್ ನನಗೇ ಬೈಯುತ್ತಿದ್ದಾನೆ, ಟ್ರಿಪ್ ತಪ್ಪುತ್ತದೆ ಅಂತ. ಕನ್ನಡಿಯಲ್ಲಿ ಟಿಪ್ಪರಿನ ಬಂಪರ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವನು ಬ್ರೇಕ್ ಮೇಲಿನ ಕಾಲು ಸ್ವಲ್ಪ ಸಡಿಲ ಮಾಡಿದರೂ ಮುಗಿಯಿತು. ಹಿಂದಿನ ಸೀಟಿನಲ್ಲಿ ಸೇಲ್ಸ್ ಹುಡುಗ ಬಾಯಿ ಮುಚ್ಚಿದ್ದ. ಸಣ್ಣ ಧಣಿ ಮೊಬೈಲ್ ಕೆಳಗಿಟ್ಟಿದ್ದರು. ಚಾಚಾ ಮಾತ್ರ ನಿಧಾನಕ್ಕೆ ರೋಡಿನ ಪಕ್ಕದ ಜಾಲಿ ಗಿಡದ ಒಂದು ಕೋಲು ಮುರಿದು, ಮುಳ್ಳು ಸವರಿ, ಪ್ಯಾಂಟ್ ಮಡಚಿ ನೀರಿಗೆ ಇಳಿದರು. ಎಡಕ್ಕೆ ಒಮ್ಮೆ ಚುಚ್ಚಿದರು, ನಡುವೆ ಒಮ್ಮೆ, ಬಲಕ್ಕೆ ಒಮ್ಮೆ. ನಾನು "ಹೋಗ್ರಿ" ಅಂದ ಎಡಗಡೆಯಲ್ಲಿ ಕೋಲು ಗೇಣಿಗಿಂತ ಜಾಸ್ತಿ ಒಳಗೆ ಹೋಯಿತು. ಅಂಚು ಕೂಡ ಇಳಿಜಾರಲ್ಲ, ಕೊಡಲಿಯಲ್ಲಿ ಕಡಿದ ಹಾಗೆ ನೇರ.

ಬಂದು ಕೂತು, ಸೇಲ್ಸ್ ಹುಡುಗನ ಕಡೆ ತಿರುಗಿ ಕೇಳಿದರು: "ತಮ್ಮಾ, ಇದನ್ನ ಎತ್ತೋದು ಎಲ್ಲೈತೆ?"

ಆರ್‌ಎಸ್ ಕ್ಯೂ8ರಲ್ಲಿರುವುದು ಏರ್ ಸಸ್ಪೆನ್ಷನ್, ಅಂದ್ರೆ ಸ್ಟೀಲ್ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲ. ಮೇಲೆ ಕೆಳಗೆ ಒಟ್ಟು 90 ಮಿಲಿಮೀಟರ್‌ವರೆಗೆ ಆಡುತ್ತದೆ. ಸ್ಪೀಡಿನಲ್ಲಿ ತಗ್ಗುತ್ತದೆ, ಆಫ್‌ರೋಡ್ ಮೋಡ್ ಹಾಕಿದರೆ ಏಳುತ್ತದೆ. ಹುಡುಗ ಸ್ಕ್ರೀನ್ ಒತ್ತಿದ, ಗಾಡಿ ಸುಮ್ನೆ ಮೇಲೆದ್ದಿತು. ಚಾಚಾ ಬಲಕ್ಕೆ ಒತ್ತಿಕೊಂಡು ತೆವಳಿಸಿದರು. ಎಲ್ಲೂ ತಾಗಲಿಲ್ಲ. ದಾಟಿದ ಮೇಲೆ ಯಾರೂ ಮಾತಾಡಲಿಲ್ಲ. ನನ್ನ ಶೀಟಿನಲ್ಲಿ ಇದಕ್ಕೆಲ್ಲ ಎರಡೇ ಮಾರ್ಕ್ಸು.

ಎಕ್ಸ್5 ಎಂ ಕೆಟ್ಟ ಗಾಡಿ ಅಂತ ನಾನು ಹೇಳುತ್ತಿಲ್ಲ. ಅದರದ್ದು ಸ್ಟೀಲ್ ಸ್ಪ್ರಿಂಗು, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಗಟ್ಟಿ ಮೆತ್ತಗೆ ಮಾಡಿಕೊಳ್ಳಬಹುದು, ಎತ್ತರ ಮಾತ್ರ ಬದಲಾಗದು. ಆ ಬಿಗಿಯೇ ಏರ್‌ಪೋರ್ಟ್ ರೋಡಿನಲ್ಲಿ ನನ್ನ ತಲೆ ತಿರುಗಿಸಿದ್ದು. ಅದನ್ನು ಮಾಡಿದವರು ಸಂಡೂರು ರೋಡನ್ನು ಮನಸ್ಸಿನಲ್ಲಿಟ್ಟು ಮಾಡಿಲ್ಲ, ಅಷ್ಟೆ.

ಅದೇ ವಾರ ಮೀಟಿಂಗು. ದೊಡ್ಡ ಧಣಿ, ಸಣ್ಣ ಧಣಿ, ಅಕೌಂಟ್ಸ್ ಸ್ವಾಮಿಗಳು, ನಾನು. ಒಬ್ಬ ಡೀಲರ್ ಕಡೆಯಿಂದ ಬೆಳಿಗ್ಗೆಯಿಂದ ಮೆಸೇಜು: "ಕೊನೆಯ ಅಲಾಟ್‌ಮೆಂಟ್ ಸರ್, ಸಂಜೆ 5ರೊಳಗೆ ಟೋಕನ್ ಹಾಕಿ." ಗಡಿಯಾರ ನಾಲ್ಕೂವರೆ ದಾಟಿತ್ತು. ಹಳದಿ ಬಣ್ಣದ ಹಳೇ ಶೀಟೇ ಧಣಿಯವರ ಮುಂದಿತ್ತು. ತಿದ್ದಿದ ಶೀಟ್ ನನ್ನ ಲ್ಯಾಪ್‌ಟಾಪಿನಲ್ಲಿತ್ತು, ಪ್ರಿಂಟರ್ ಟೋನರ್ ಮುಗಿದಿತ್ತು. ಟೋನರಿನ ಇಂಡೆಂಟ್ ಸಹಿಗೆ ಹೋಗಿ ಎಷ್ಟೋ ದಿನವಾಗಿತ್ತು. ಬಾಯಲ್ಲಿ ಹೇಳಬಹುದಿತ್ತು. ಸಣ್ಣ ಧಣಿ ಎದುರಿಗೇ ಕೂತಿದ್ದರು, ಹೇಳಲಿಲ್ಲ.

ಸಣ್ಣ ಧಣಿ ಎರಡರ ಗುಣವನ್ನೂ ಹೇಳಿದರು. ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ಟ್ರ್ಯಾಕಿನಲ್ಲಿ 2019ರಲ್ಲಿ ಆರ್‌ಎಸ್ ಕ್ಯೂ8 ಎಸ್‌ಯುವಿಗಳ ರೆಕಾರ್ಡ್ ಮಾಡಿದೆ, 7 ನಿಮಿಷ 42 ಸೆಕೆಂಡು ಅಂದರು. "ಅಲ್ಲಿ ಅದಿರು ಲಾರಿ ಓಡಾಡ್ತಾವೇನಪ್ಪಾ?" ಅಂತ ಧಣಿ ಕೇಳಿದರು.

ಸ್ವಾಮಿಗಳು ತಮ್ಮ ಲೆಕ್ಕ ತೆಗೆದರು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ. 18, ಆ ಟ್ಯಾಕ್ಸಿನ ಮೇಲೆ ಸೆಸ್ಸು, ಹೆಚ್ಚುಕಡಿಮೆ ಶೇ. 20. ಅಂದ್ರೆ ಒಂದಕ್ಕೆ 39 ಲಕ್ಷದ ಹತ್ತಿರ, ಇನ್ನೊಂದಕ್ಕೆ 41 ಲಕ್ಷದ ಮೇಲೆ. ಶೋರೂಂ ಬಿಲ್ಲಿನ ಮೇಲೆ ಟಿಸಿಎಸ್, ಅಂದ್ರೆ ಮಾರುವವರೇ ವಸೂಲಿ ಮಾಡುವ ಇನ್‌ಕಂ ಟ್ಯಾಕ್ಸ್, ಶೇ. 1 ಬೇರೆ. ಕಂಪನಿ ಹೆಸರಿಗೆ ತಗೊಂಡರೆ ಡಿಪ್ರಿಸಿಯೇಷನ್ (ಸವಕಳಿ) ಶೇ. 15 ತೋರಿಸಬಹುದು, ಆದರೆ ಕಾರಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಕಟ್ಟಿದ್ದನ್ನು ಕಂಪನಿಯ ಜಿಎಸ್‌ಟಿಯಲ್ಲಿ ಕಳೆಯುವ ಹಾಗಿಲ್ಲ. "ಪಾಂಡಿಚೇರಿ ರಿಜಿಸ್ಟ್ರೇಷನ್ ಮಾಡಿದ್ರೆ? ಅಲ್ಲಿ ಟ್ಯಾಕ್ಸ್ ಕಡಿಮೆ" ಅಂದರು ಸಣ್ಣ ಧಣಿ. ಸ್ವಾಮಿಗಳು ಪೆನ್ನಿನ ಕ್ಯಾಪ್ ಹಾಕಿ "ನಾನು ಸಹಿ ಹಾಕಂಗಿಲ್ಲ" ಅಂದರು. ಆ ಮಾತು ಅಲ್ಲಿಗೇ ನಿಂತಿತು. ಕೆಎ 34, ಬಳ್ಳಾರಿ ನಂಬರೇ ಅಂತ ತೀರ್ಮಾನ.

"ರೋಡ್ ಟ್ಯಾಕ್ಸಿನ ದುಡ್ಡಿಗೆ ಒಂದು ಟಿಪ್ಪರ್ ಬರ್ತದಲ್ಲಪ್ಪ" ಅಂತ ಧಣಿ ತಮಗೆ ತಾವೇ ಅಂದುಕೊಂಡರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ, ಯಾರ್ಡಿನಲ್ಲಿ ಸಾಲಾಗಿ ನಿಂತ ಗಾಡಿಗಳನ್ನು ಸಿಕ್ಕ ರೇಟಿಗೆ ಮಾರಿದವರು ಅವರು. ದುಬಾರಿ ಕಾರು ಕೊಳ್ಳುವುದು ಅವರಿಗೆ ಹೊಸದಲ್ಲ, ಮಾರುವುದೂ ಹೊಸದಲ್ಲ.

ಐದಕ್ಕೆ ಹತ್ತು ನಿಮಿಷ ಇತ್ತು. ಧಣಿ ನನ್ನ ಶೀಟನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯ ಕೆಳಗಿಟ್ಟರು. "ಚಾಚಾನ್ನ ಕರೀರಿ" ಅಂದರು.

ಚಾಚಾ ಬಾಗಿಲಲ್ಲೇ ನಿಂತರು. "ಯಾವುದು ತಗೊಳ್ಳೋಣ?" ಅಂತ ಧಣಿ ಕೇಳಿದರು. ಚಾಚಾ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿ, "ಬಿಎಂಡಬ್ಲ್ಯೂದು ಟೈರ್ ಸೈಜ್ ಎಷ್ಟ್ರೀ ಸರ?" ಅಂದರು.

"ಮುಂದೆ 295/35, 21 ಇಂಚು. ಹಿಂದೆ 315/30, 22 ಇಂಚು."

"ಅಂದ್ರ ಸ್ಟೆಪ್ನಿ ಯಾವುದು ಇಡ್ಬೇಕು ಸರ? ಮುಂದಿಂದಾ, ಹಿಂದಿಂದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರ್ಡಿನಲ್ಲಿ ಟೈರ್ ರೊಟೇಷನ್ ಚಾರ್ಟ್ ಬರೆಯುವವನು ನಾನು. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ ಟೈರಿನ ಜೀವ ಎಳೆಯುವುದೇ ನನ್ನ ಕೆಲಸ. ಈ ಗಾಡಿಯಲ್ಲಿ ಅದು ಆಗುವುದೇ ಇಲ್ಲ ಅಂತ "ಇತರೆ" ಕಾಲಂನಲ್ಲಿ ನಾನೇ ಟೈಪ್ ಮಾಡಿದ್ದೆ. ಟೈಪ್ ಮಾಡಿದ್ದೆ, ಓದಿರಲಿಲ್ಲ.

ಆಮೇಲೆ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಮಾಡಿದೆ. 315/30ರಲ್ಲಿ 315 ಅಂದ್ರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ; ಅದರ ಶೇ. 30 ಅಂದ್ರೆ ರಿಮ್ಮಿಗೂ ನೆಲಕ್ಕೂ ನಡುವೆ 94.5 ಮಿಲಿಮೀಟರ್ ರಬ್ಬರ್. ಆರ್‌ಎಸ್ ಕ್ಯೂ8ಗೆ ನಾಲ್ಕೂ ಒಂದೇ ಸೈಜು: 22 ಇಂಚಿನ ವೀಲಿಗೆ 295/40, ಅಂದ್ರೆ 118 ಮಿಲಿಮೀಟರ್. ಸಣ್ಣ ಧಣಿಗೆ ಮನಸ್ಸಿದ್ದ 23 ಇಂಚಿನ ವೀಲು ಹಾಕಿದರೆ 295/35, ಅದು 103ಕ್ಕೆ ಇಳಿಯುತ್ತದೆ. ಗುಂಡಿಯ ಅಂಚಿಗೆ ಹೊಡೆದಾಗ ಟೈರ್ ಚಪ್ಪಟೆಯಾಗಿ ರಿಮ್ಮಿಗೆ ಏಟು ಬೀಳುವುದು ತಪ್ಪಬೇಕಾದರೆ ಇಷ್ಟೇ ಜಾಗ ಇರುವುದು. ಚಾಚಾ ಬೆರಳಿಟ್ಟು ಅಳೆದದ್ದು ಇದನ್ನೇ. ಅವರ ಕಣ್ಣಿಗೆ 118 ಕೂಡ ರೊಟ್ಟಿಯೇ. ಆವಾಗ ಬಳ್ಳಾರಿಯಲ್ಲಿ ಎರಡಕ್ಕೂ ವರ್ಕ್‌ಶಾಪ್ ಇರಲಿಲ್ಲ. ರಿಮ್ ಒಡೆದರೆ 300 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೇರಿಕೊಂಡು ಹೋಗಬೇಕು.

ಐದು ಹೊಡೆಯಿತು. ಯಾರೂ ಟೋಕನ್ ಹಾಕಲಿಲ್ಲ. ಮಾರನೇ ದಿನ ಬೆಳಿಗ್ಗೆ ಆ ಮೆಸೇಜು ಕಳಿಸಿದ್ದ ಡೀಲರ್ ಕಡೆಯವನೇ ಫೋನ್ ಮಾಡಿದ. ಕೊನೆಯ ಅಲಾಟ್‌ಮೆಂಟ್ ಇನ್ನೂ ಹಾಗೇ ಇತ್ತಂತೆ.

ಕೊನೆಗೆ ಆರ್‌ಎಸ್ ಕ್ಯೂ8 ಬಂತು, 22 ಇಂಚಿನ ವೀಲಿನ ಜೊತೆ. ಸಣ್ಣ ಧಣಿ ಸ್ವಲ್ಪ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಗಾಡಿ ಬಹಳಷ್ಟು ಬೆಂಗಳೂರಿನ ಮನೆಯಲ್ಲೇ ಇರುತ್ತದೆ. ಇಲ್ಲಿಗೆ ಬಂದಾಗ 95 ಆಕ್ಟೇನ್ ಪೆಟ್ರೋಲ್ ಯಾವ ಬಂಕಿನಲ್ಲಿ ಸ್ಟಾಕ್ ಇದೆ ಅಂತ ನನಗೆ ಫೋನು. ಮೈನ್ಸಿಗೆ ಧಣಿ ಈಗಲೂ ಹಳೇ ಫಾರ್ಚೂನರ್‌ನಲ್ಲೇ ಹೋಗುತ್ತಾರೆ.

ಆಫೀಸಿನಲ್ಲಿ ಇದರಿಂದ ಹೊಸ ಫಾರ್ಮ್ಯಾಟ್ ಬಂದಿದೆ. ಯಾವ ಗಾಡಿ ಕೊಳ್ಳಬೇಕಾದರೂ ಮೊದಲ ಸಾಲು ಟೈರ್ ಸೈಜು, ಎರಡನೆಯದು ಸ್ಟೆಪ್ನಿ, ಮೂರನೆಯದು ಹತ್ತಿರದ ವರ್ಕ್‌ಶಾಪ್ ಎಷ್ಟು ಕಿಲೋಮೀಟರ್. ಪವರ್, ಟಾರ್ಕ್ ಎಲ್ಲ "ಇತರೆ" ಕಾಲಂಗೆ ಹೋಗಿವೆ. ಮಾಡಿದ್ದು ನಾನೇ. ಮ್ಯಾನೇಜ್‌ಮೆಂಟ್ ಅದಕ್ಕೆ ತನ್ನದೊಂದು ಸೇರಿಸಿತು: ನಾಲ್ಕನೇ ಸಹಿ. ಈಗ ಸೈಟಿಗೆ ಒಂದು ಬೊಲೆರೊ ಬೇಕು ಅಂತ ಫಾರಂ ಹಾಕಿದ್ದೇನೆ. ಚಾಚಾ ಸಹಿ ಆಗಿದೆ, ಸ್ವಾಮಿಗಳ ಸಹಿ ಆಗಿದೆ. ಫೈಲು ಸಣ್ಣ ಧಣಿಯ ಟೇಬಲ್ ಮೇಲಿದೆ.