ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ ಬಂದೆ

20 ಫೆಬ್ರವರಿ 2025, ಗುರುವಾರ

ನಮ್ಮ ಪಟ್ಟಣ ಪಂಚಾಯಿತಿ ಆಫೀಸಿನಲ್ಲಿ ಇವತ್ತು ಕೆಳಗೆ ಕಾಲಿಡೋಕೆ ಜಾಗ ಇರಲಿಲ್ಲ. ಅನುಮೋದನೆ ಇಲ್ಲದ ಬಡಾವಣೆಯ ಸೈಟುಗಳಿಗೂ ಬಿ ಖಾತೆ ಅಂತ ಆಸ್ತಿ ದಾಖಲೆ ಕೊಡ್ತಾರಂತೆ ಅನ್ನೋ ಸುದ್ದಿ ಈ ತಿಂಗಳು ಬಂದಿದ್ದೇ ತಡ, ಅಂಥ ರೆವಿನ್ಯೂ ಸೈಟಿನವರೆಲ್ಲ ಕ್ರಯಪತ್ರ, ಇ.ಸಿ. (ಋಣಭಾರ ಪತ್ರ), ಕಂದಾಯ ಕಟ್ಟಿದ ರಸೀದಿ ಹಿಡಿದು ಸಾಲಾಗಿ ನಿಂತಿದ್ದಾರೆ. ಪಕ್ಕದಲ್ಲೇ ಇರುವ ನನ್ನ ಜೆರಾಕ್ಸ್ ಅಂಗಡಿಗೂ ಅದರಿಂದ ಒಳ್ಳೆ ವ್ಯಾಪಾರ, ಸುಳ್ಳು ಯಾಕೆ ಹೇಳಲಿ.

ಅದೇ ಕಟ್ಟಡದ ಮೇಲಿನ ಸಭಾಂಗಣದಲ್ಲಿ 11 ಗಂಟೆಗೆ 2025-26ನೇ ಸಾಲಿನ ಬಜೆಟ್ ಪೂರ್ವಭಾವಿ ಸಭೆ. ಸಿಬ್ಬಂದಿ ಮತ್ತು ಕೆಲವು ಸದಸ್ಯರನ್ನು ಬಿಟ್ಟರೆ ಊರಿನವರು ಅಂತ ಬಂದವರು ಬೆರಳೆಣಿಕೆ. ನಿವೃತ್ತ ಮೇಷ್ಟ್ರು, ಹಾರ್ಡ್‌ವೇರ್ ಅಂಗಡಿಯವರು, ಇಬ್ಬರು ಸ್ಥಳೀಯ ಪತ್ರಕರ್ತರು, ಬೀದಿ ಬದಿ ಹೂ ಮಾರುವ ಒಬ್ಬ ಅಕ್ಕ, ನಾನು. ಟೀ ಮಾತ್ರ ಜಾಸ್ತಿ ಜನಕ್ಕೆ ತರಿಸಿದ್ದರು. ಉಳಿದದ್ದು ಕೆಳಗಿನ ಕ್ಯೂಗೆ ಹೋಯಿತು.

ಜನಕ್ಕೆ ಆಸಕ್ತಿ ಇಲ್ಲ ಅಂತ ಅಧ್ಯಕ್ಷರು ಶುರುವಿಗೇ ಬೇಜಾರು ಮಾಡಿಕೊಂಡರು. ಸಭೆ ಇರೋದು ಗೊತ್ತಾದರೆ ತಾನೇ ಜನ ಬರೋದು? ಗಾಜಿನ ನೋಟಿಸ್ ಬೋರ್ಡಿನಲ್ಲಿ ಟೆಂಡರ್ ಪ್ರಕಟಣೆಯ ಕೆಳಗೆ ಅರ್ಧ ಮುಚ್ಚಿಹೋದ ಒಂದು ಹಾಳೆ. ಮೇಲೆ ಸೀಲು, ಕೆಳಗೆ ಸಹಿ, ನಡುವೆ 'ಸಾರ್ವಜನಿಕರು ಸಭೆಗೆ ಹಾಜರಾಗಿ ಸಲಹೆ-ಸೂಚನೆ ನೀಡಬೇಕಾಗಿ ಕೋರಿದೆ'. ಅಷ್ಟೇ. ಅವರ ಮಷಿನ್ ಕೆಟ್ಟಿದ್ದರಿಂದ ಆ ಹಾಳೆ ನನ್ನ ಅಂಗಡಿಯಲ್ಲಿ ಜೆರಾಕ್ಸ್ ಆಯಿತು. ಇಲ್ಲದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಕಸದ ಗಾಡಿಯಲ್ಲಿ ದಿನಾ ಬೆಳಿಗ್ಗೆ ಮೈಕ್ ಹಾಕಿಕೊಂಡು ಬೀದಿ ಬೀದಿ ತಿರುಗ್ತಾರೆ. ಹಸಿ ಕಸ, ಒಣ ಕಸ ಅಂತ ಕೂಗುವ ಮೈಕಿನಲ್ಲಿ ಇದನ್ನೂ ಎರಡು ದಿನ ಕೂಗಿದ್ದರೆ ಆಗ್ತಿತ್ತು.

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕರೆಯುವ ಸಭೆಯೇನಲ್ಲ. ಬಜೆಟ್ ಮಾಡುವ ಮೊದಲು ಜನರ ಸಲಹೆ ಕೇಳಬೇಕು ಅಂತ ಪುರಸಭೆಗಳ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳಲ್ಲೇ ಇದೆ. 2006ರಿಂದ ಇದೆ. ತಿಂಗಳ ಸಾಮಾನ್ಯ ಸಭೆಯೂ ಅಷ್ಟೇ. ಗುಟ್ಟಾಗಿ ನಡೆಸಬೇಕಾದ ವಿಷಯ ಅಂತ ಅಧ್ಯಕ್ಷರು ಹೇಳದ ಹೊರತು ಯಾರು ಬೇಕಾದರೂ ಹೋಗಿ ಕೂರಬಹುದು ಅನ್ನೋದು 1964ರ ಪುರಸಭೆ ಕಾಯ್ದೆಯ ಕಾಲದಿಂದ ಬಂದ ಮಾತು. ನಮ್ಮೂರಲ್ಲಿ ಹಾಗೆ ಹೋಗಿ ಕೂತರೆ 'ನಿಮಗೆ ಏನು ಆಗಬೇಕಿತ್ತು?' ಅಂತ ಕೇಳ್ತಾರೆ. ಕೆಲಸ ಇದ್ದವರು ಮಾತ್ರ ಬರಬೇಕು, ಸುಮ್ನೆ ಕೇಳೋಕೆ ಬರಬಾರದು ಅನ್ನೋ ಹಾಗೆ.

ಸಭೆಯಲ್ಲಿ ಒಂದು ಹಾಳೆ ಹಂಚಿದರು. ಆರಂಭ ಶಿಲ್ಕು, ರಾಜಸ್ವ ಸ್ವೀಕೃತಿ, ಬಂಡವಾಳ ಸ್ವೀಕೃತಿ, ಎಸ್‌ಎಫ್‌ಸಿ ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ. ಕೊನೆಯಲ್ಲಿ ಉಳಿತಾಯ ಇಷ್ಟು ಲಕ್ಷ. ನನಗೆ ತಿಳಿದ ಮಟ್ಟಿಗೆ ಯಾವ ಊರಿನ ಪೇಪರ್ ತೆಗೆದರೂ ಪಟ್ಟಣ ಪಂಚಾಯಿತಿಯದ್ದು ಉಳಿತಾಯ ಬಜೆಟ್ಟೇ. ಇಷ್ಟೆಲ್ಲ ಉಳಿಸಿಯೂ ನಮ್ಮ ಬೀದಿಯ ಬಲ್ಬ್ ಯಾಕೆ ಉರಿಯಲ್ಲ ಅಂತ ಹೂವಿನ ಅಕ್ಕ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ, ಎಲ್ಲರೂ ನಕ್ಕರು. ಅವರು ತಮಾಷೆಗೆ ಕೇಳಿರಲಿಲ್ಲ.

ಆಮೇಲೆ ಅವರೇ ಇನ್ನೊಂದು ಕೇಳಿದರು. ಎಸ್‌ಸಿ, ಎಸ್‌ಟಿ ಜನಕ್ಕೆ ಅಂತ ತೆಗೆದಿಡುವ 24.10 ಪರ್ಸೆಂಟ್ ಹಣದಲ್ಲಿ ಹೋದ ವರ್ಷ ಏನು ಮಾಡಿದಿರಿ? ಅಕೌಂಟೆಂಟ್ ತಡಬಡಾಯಿಸಿ, ಅದು ಕ್ರಿಯಾ ಯೋಜನೆಯಲ್ಲಿದೆ ಅಂದರು. ಕ್ರಿಯಾ ಯೋಜನೆ ಎಲ್ಲಿದೆ? ಆಫೀಸಿನಲ್ಲಿದೆ. ನಾವು ಕೂತಿದ್ದೂ ಆಫೀಸಿನಲ್ಲೇ. ಆದರೂ ಆ ಕಡತ ಮಹಡಿ ಹತ್ತಿ ಬರಲಿಲ್ಲ. ಇತರೆ ಬಡವರ 7.25, ಅಂಗವಿಕಲರ 5 ಪರ್ಸೆಂಟಿನ ಲೆಕ್ಕವನ್ನು ಮೇಷ್ಟ್ರು ಕೇಳಿದರು. ಅದಕ್ಕೂ ಅದೇ ಉತ್ತರ. ಹೋದ ವರ್ಷದ ಬಜೆಟ್ ಆಡಳಿತಾಧಿಕಾರಿ ಇದ್ದಾಗ ಆಗಿದ್ದು, ನಮಗೆ ಗೊತ್ತಿಲ್ಲ ಅಂತ ಒಬ್ಬ ಸದಸ್ಯರು ಜಾರಿಕೊಂಡರು. ಅದೂ ನಿಜವೇ. ಅಧ್ಯಕ್ಷ-ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಬರಲಿಲ್ಲ ಅಂತ 2023ರ ಬೇಸಿಗೆಯಿಂದ 2024ರ ಆಗಸ್ಟ್‌ವರೆಗೆ ರಾಜ್ಯದ ಎಷ್ಟೋ ಊರುಗಳಲ್ಲಿ ಆ ಕುರ್ಚಿ ಖಾಲಿ ಇತ್ತು. ನಾವು ಗೆಲ್ಲಿಸಿದ ಸದಸ್ಯರು ಮನೆಯಲ್ಲಿ, ಅಧಿಕಾರ ತಹಸೀಲ್ದಾರರ ಕೈಯಲ್ಲಿ.

ಈಗ ಚರಂಡಿ ವಿಷಯ ಬರೆಯಬೇಕು. ನಾನು ಇವತ್ತು ಅಂಗಡಿ ಮುಚ್ಚಿ ಹೋಗಿದ್ದೇ ಅದಕ್ಕೆ.

ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಗೆ ಹೋದ ವರ್ಷ ಚರಂಡಿ ಆಯಿತು. ಕಾಂಕ್ರೀಟ್ ಗೋಡೆ, ಮೇಲೆ ಸ್ಲ್ಯಾಬು, ನೋಡೋಕೆ ಚೆನ್ನಾಗಿದೆ. ಇದರಲ್ಲಿ ದುಡ್ಡು ಹೊಡೆದಿದ್ದಾರೆ ಅಂತ ಟೀ ಅಂಗಡಿಯಲ್ಲೆಲ್ಲ ಮಾತು. ಮೇಷ್ಟ್ರು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದರು. 30 ದಿನ ಆಗುವ ಹೊತ್ತಿಗೆ ಉತ್ತರ ಬಂತು: ದಾಖಲೆ ಇಷ್ಟೊಂದು ಪುಟ ಇದೆ, ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ. ಪಿಂಚಣಿ ಮೇಷ್ಟ್ರು, ಲೆಕ್ಕ ಪಾಠ ಮಾಡಿದವರು. ದುಡ್ಡು ಕಟ್ಟುವ ಬದಲು, ಕಡತ ನೋಡುವ ಹಕ್ಕೂ ಕಾಯ್ದೆಯಲ್ಲಿದೆ, ನೋಡಿ ಬೇಕಾದ್ದಷ್ಟೇ ತಗೋತೀನಿ ಅಂತ ಬರೆದು ಕೊಟ್ಟರು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು.

ಅಲ್ಲಿ ಎಲ್ಲಾ ಇತ್ತು. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಕಾಮಗಾರಿಗೆ ಮೊದಲಿನ ಫೋಟೋ, ಆಮೇಲಿನ ಫೋಟೋ. ಎಂ.ಬಿ. ಅಂತ ಕರೆಯುವ ಅಳತೆ ಪುಸ್ತಕ. ಅದರಲ್ಲಿ ಉದ್ದ, ಅಗಲ, ಆಳ, ಪ್ರತಿ ಸಾಲಿಗೂ ಇಂಜಿನಿಯರರ ಚಿಕ್ಕ ಸಹಿ. ಮಾರನೇ ದಿನ ಬೆಳಿಗ್ಗೆ ನಾವಿಬ್ಬರೂ ಹಾರ್ಡ್‌ವೇರ್ ಅಂಗಡಿಯಿಂದ ಟೇಪ್ ತಂದು ಅಳೆದೆವು. ಒಂದು ಕೊನೆ ಮೇಷ್ಟ್ರು ಹಿಡಿದರು, ಇನ್ನೊಂದು ನಾನು. ಅಳತೆ ಸರಿಯಾಗಿಯೇ ಇತ್ತು! ಆಗ ಮೇಷ್ಟ್ರ ಮುಖ ನೋಡಬೇಕಿತ್ತು. ಕಳ್ಳ ಸಿಗಲಿಲ್ಲ ಅಂತ ಅಷ್ಟು ಬೇಜಾರು ಪಟ್ಟವರನ್ನು ನಾನು ನೋಡಿಲ್ಲ.

ನಾವು ಅಳೆಯೋದನ್ನು ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಜ್ಜಿ ಒಬ್ಬರು ಕೇಳಿದರು, 'ಅದನ್ನ ಯಾಕ್ ಅಳೀತೀರಪ್ಪಾ, ನೀರು ಬರೋದು ಈ ಕಡೆ ಅಲ್ವಾ?' ಹೌದು. ಮಳೆಗಾಲದಲ್ಲಿ ಸ್ಕೂಲ್ ಮೈದಾನದ ನೀರು ರಸ್ತೆಯ ಆಚೆ ಬದಿಯಿಂದ ಇಳಿದು ಅಜ್ಜಿಯ ಸಾಲಿನ ಮನೆಗಳಿಗೆ ನುಗ್ಗುತ್ತೆ. ಚರಂಡಿ ಆಗಿರೋದು ಈಚೆ ಬದಿ. ಯಾಕೆಂದರೆ ಈಚೆ ಜಾಗ ನೇರವಾಗಿದೆ, ಕಂಬ ಇಲ್ಲ, ಕೆಲಸ ಸುಲಭ. ಸರ್ವೆಗೆ ಬಂದಿದ್ದು ಬೇಸಿಗೆಯಲ್ಲಿ. ಆ ಬೀದಿಯ ಒಬ್ಬರನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು. ಕಡತದಲ್ಲಿ ಒಂದು ಹುಳುಕಿಲ್ಲ. ಹೋದ ಮಳೆಗಾಲದಲ್ಲಿ ಅಜ್ಜಿ ಮನೆಗೆ ಎಂದಿನಂತೆ ನೀರು ನುಗ್ಗಿತು.

ಇದಾದ ಮೇಲೆ ನನಗೆ ಮಾಹಿತಿ ಹಕ್ಕಿನ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಆದರೆ ಅದು ಎಲ್ಲಾ ಮುಗಿದ ಮೇಲೆ ಕೈಗೆ ಸಿಗುವ ಹತಾರ. ಕಾಂಕ್ರೀಟ್ ಒಣಗಿದ ಮೇಲೆ ಕಾಗದ ಕೈಗೆ ಬಂದು ಏನು ಮಾಡೋದು? ಜನರನ್ನು ಕೇಳಬೇಕಾದ್ದು ಅಂದಾಜು ಪಟ್ಟಿ ಬರೆಯುವ ಮೊದಲು.

ಮೇಷ್ಟ್ರು ಮಾತ್ರ ಇದನ್ನು ಪೂರ್ತಿ ಒಪ್ಪಲ್ಲ. ಅವರಿಗೆ ಕಾಗದವೇ ಮುಖ್ಯ. 1996ರಲ್ಲಿ ರಾಜಸ್ಥಾನದ ಬ್ಯಾವರ್ ಊರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 40 ದಿನ ಧರಣಿ ಕೂತ ಕಥೆ ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಅವರು ಕೇಳಿದ್ದು ಕೂಲಿಯವರ ಹಾಜರಿ ಪಟ್ಟಿ, ಬಿಲ್ಲು, ವೋಚರುಗಳ ನಕಲು. ಜೆರಾಕ್ಸ್ ಅಂಗಡಿ ಇಟ್ಟವಳಿಗೆ ಇದಕ್ಕಿಂತ ಇಷ್ಟವಾಗುವ ಚರಿತ್ರೆ ಬೇರೆ ಇಲ್ಲ. ಅಂಥ ಹೋರಾಟಗಳಿಂದಲೇ 2005ರ ಕಾಯ್ದೆ ಬಂತು. ನಮ್ಮ ಕರ್ನಾಟಕ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು ಅಂತ ಸೇರಿಸಿ ಹೇಳದೆ ಮೇಷ್ಟ್ರು ಕಥೆ ಮುಗಿಸಲ್ಲ.

ನನ್ನ ಸಂಕಟ ಬೇರೆ. ನಮ್ಮೂರು ಮೊದಲು ಗ್ರಾಮ ಪಂಚಾಯಿತಿ ಆಗಿತ್ತು. ಆಗ ಗ್ರಾಮಸಭೆ ಇತ್ತು. ಆರು ತಿಂಗಳಿಗೊಮ್ಮೆಯಾದರೂ ಮಾಡಲೇಬೇಕು. ಶಾಮಿಯಾನ ಹಾಕಿ, ಮೈಕ್ ಕಟ್ಟಿ, ಒಂದೇ ಜಗಳ. ಮನೆ ಮಂಜೂರಾದವರ ಹೆಸರು ಎಲ್ಲರೆದುರು ಓದಬೇಕಿತ್ತು. ಒಂದೊಂದು ಹೆಸರಿಗೂ 'ಅವನಿಗೆ ತಾರಸಿ ಮನೆ ಇದೆ ಕಣ್ರೀ' ಅಂತ ಹಿಂದಿನಿಂದ ಯಾರಾದರೂ ಕೂಗೋರು. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ, ಖರ್ಚಿನ ಲೆಕ್ಕ ಜನರ ಮುಂದೆ. ನರೇಗಾ ಕೆಲಸಕ್ಕೆ ಸಾಮಾಜಿಕ ಪರಿಶೋಧನೆ ಬೇರೆ. ಎಲ್ಲಾ ಚೆಂದ ನಡೀತಿತ್ತು ಅಂತಲ್ಲ. ಸಹಿ ಹಾಕಿಸಿಕೊಂಡು ಸಭೆ ಆಯಿತು ಅಂದದ್ದೂ ಉಂಟು. ಆದರೆ ಕೂಗೋಕೆ ಒಂದು ಜಾಗ ಇತ್ತು.

ಪಟ್ಟಣ ಪಂಚಾಯಿತಿ ಆದ ದಿನ ಪಟಾಕಿ ಹೊಡೆದೆವು. ಅನುದಾನ ಜಾಸ್ತಿ ಬರುತ್ತೆ, ಸೈಟಿಗೆ ಬೆಲೆ ಬರುತ್ತೆ ಅಂತ. ಕಂದಾಯ ಏರಿತು, ನರೇಗಾ ಹೋಯಿತು, ಗ್ರಾಮಸಭೆಯೂ ಹೋಯಿತು. ಮನೆ ಹಂಚುವ ವಿಷಯ ಈಗ ಶಾಸಕರು ಅಧ್ಯಕ್ಷರಾಗಿರುವ ಆಶ್ರಯ ಸಮಿತಿಯದ್ದು. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ವಾರ್ಡ್ ಸಮಿತಿ ಕಡ್ಡಾಯ ಮಾಡಿರೋದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ. ಪಟ್ಟಣ ಪಂಚಾಯಿತಿ ಅಂದರೆ ಹತ್ತಿಪ್ಪತ್ತು ಸಾವಿರ ಜನ. ನಮಗೆ 3 ಲಕ್ಷ ಆಗಬೇಕಾದರೆ ಅಕ್ಕಪಕ್ಕದ ತಾಲ್ಲೂಕಿನವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಂದು ಇಲ್ಲೇ ಇರಬೇಕು. ಹಳ್ಳಿಯವರಿಗೆ ಗ್ರಾಮಸಭೆ, ದೊಡ್ಡ ಊರಿನವರಿಗೆ ವಾರ್ಡ್ ಸಮಿತಿ, ನಡುವಿನ ನಮಗೆ ಗಾಜಿನ ಬೋರ್ಡು.

ಕಾಸರಗೋಡಿಗೆ ಮದುವೆಯಾಗಿ ಹೋದ ನನ್ನ ದೊಡ್ಡಮ್ಮನ ಮಗಳಿಗೆ ಸಂಜೆ ಫೋನ್ ಮಾಡಿದೆ. ಅವಳದ್ದೂ ಪುಟ್ಟ ನಗರಸಭೆಯೇ. ಆದರೆ ಕೇರಳದ 1994ರ ಕಾಯ್ದೆಯ ಪ್ರಕಾರ 1 ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಲ್ಲೂ ಪ್ರತಿ ವಾರ್ಡಿಗೆ ವಾರ್ಡ್ ಸಭೆ ಇದೆ, ಮತದಾರರೆಲ್ಲ ಅದರ ಸದಸ್ಯರು. 'ಅಯ್ಯೋ, ಇಲ್ಲೂ ಅಷ್ಟೇನಿಲ್ಲ ಮಾರಾಯ್ತಿ' ಅಂದಳು ಅವಳು. ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು ಬರ್ತಾರೆ, ಪಟ್ಟಿಯಲ್ಲಿ ಹೆಸರು ಬೇಕಾದವರು ಬರ್ತಾರೆ, ಗಂಡಸರು ಕಮ್ಮಿಯಂತೆ. ಆದರೂ ಕೌನ್ಸಿಲರ್ ಎದುರಿಗೆ ನಿಂತು 'ಹೋದ ಸಲ ಹೇಳಿದ್ದು ಏನಾಯಿತು?' ಅಂತ ಕೇಳಬಹುದಂತೆ. ನನಗೆ ಅಷ್ಟು ಸಾಕಾಗಿತ್ತು.

ಇವತ್ತು ನಾನು ಕೇಳಿದ್ದೂ ದೊಡ್ಡದೇನಲ್ಲ. ವಾರ್ಡಿಗೆ ಯಾವ ಕಾಮಗಾರಿ ಅಂತ ಪಟ್ಟಿ ಮಾಡುವ ಮೊದಲು ಆ ಬೀದಿಯಲ್ಲಿ ಒಂದು ಸಂಜೆ ನಿಂತು ಕೇಳಿ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಸದಸ್ಯರಿಗೆ ಕಳಿಸುವ ದಿನವೇ ಬೋರ್ಡಿಗೂ ಹಾಕಿ, ಸಭೆ ಆದ ಮೇಲೆ ನಡವಳಿಯನ್ನೂ ಹಾಕಿ. ಮುಖ್ಯಾಧಿಕಾರಿ ಒಳ್ಳೆಯವರೇ, ವಯಸ್ಸು ಚಿಕ್ಕದು. 'ಹಾಕಬಹುದು ಮೇಡಂ, ಸದಸ್ಯರು ಒಪ್ಪಬೇಕಲ್ಲ' ಅಂದರು. ನಮ್ಮ ವಾರ್ಡಿನ ಸದಸ್ಯರು ಇಳಿಯುವಾಗ ಮೆಟ್ಟಿಲ ಮೇಲೆ ಸಿಕ್ಕು, 'ಅಕ್ಕಾ, ಕಾರ್ಯಸೂಚಿಯಲ್ಲಿ ಏನಿರುತ್ತೆ ಅಂದ್ಕೊಂಡಿದ್ದೀರಾ? ಮುಖ್ಯವಾದದ್ದೆಲ್ಲ ಬರೋದು ಕೊನೇ ಐಟಂನಲ್ಲಿ' ಅಂದರು. ಕೊನೇ ಐಟಂ ಅಂದರೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು'. ಅದರಲ್ಲಿ ಆಗಲೇ ಮುಗಿದ ಕೆಲಸಕ್ಕೆ ಘಟನೋತ್ತರ ಮಂಜೂರಾತಿ ಕೇಳ್ತಾರೆ, ಎಲ್ಲರೂ ಮೇಜು ತಟ್ಟುತ್ತಾರೆ. ಸದಸ್ಯರು ಇದನ್ನು ದೂರಿನಂತೆ ಹೇಳಿದರೋ ಹೆಮ್ಮೆಯಿಂದ ಹೇಳಿದರೋ ಗೊತ್ತಾಗಲಿಲ್ಲ.

ನಾವು ಹೇಳಿದ್ದನ್ನೆಲ್ಲ ಒಬ್ಬ ಗುಮಾಸ್ತರು ಬರೆದುಕೊಳ್ಳುತ್ತಿದ್ದರು. ನಿಜವಾಗಿ ಏನು ಬರೆದರು ಅಂತ ನೋಡಬೇಕು ಅನ್ನಿಸಿತು ಮೇಷ್ಟ್ರಿಗೆ. ಇವತ್ತಿನ ಸಭೆಯ ನಡವಳಿಯ ನಕಲು ಬೇಕು ಅಂತ ರಾತ್ರಿ ಅಂಗಡಿಯಲ್ಲೇ ಕೂತು ಅರ್ಜಿ ಬರೆಸಿದರು. ಕರ್ನಾಟಕದಲ್ಲಿ ಮಾಹಿತಿ ಹಕ್ಕು ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಟೈಪ್ ಮಾಡಿ ನೋಡಿದರೆ ಎಷ್ಟೋ ಜಾಸ್ತಿಯಾಗಿತ್ತು. 'ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ' ಅನ್ನೋದನ್ನು ತೆಗೆದೆ. 'ದಯಮಾಡಿ' ಮೂರು ಕಡೆ ಇತ್ತು, ಮೂರೂ ತೆಗೆದೆ. ಮೇಷ್ಟ್ರು ಸ್ವಲ್ಪ ಮುನಿಸಿಕೊಂಡರು. 'ಹಾಗಾದ್ರೆ ಕೊನೇಲಿ ವಂದನೆಗಳೊಂದಿಗೆ ಅಂತಾದ್ರೂ ಇರಲಿ ಬಿಡಮ್ಮಾ' ಅಂದರು. ಅದನ್ನು ಉಳಿಸಿದೆ. ನಾಳೆ ಬೆಳಿಗ್ಗೆ ಕ್ಯೂ ಶುರುವಾಗುವ ಮೊದಲೇ ಕೊಟ್ಟು, ಹಿಂಬರಹ ಹಾಕಿಸಿಕೊಂಡು ಬರ್ತಾರಂತೆ.