ಇಬ್ಬರೂ ಬೇಡ ಅಂದರು

24 ಮಾರ್ಚ್ 2017, ಶುಕ್ರವಾರ ರಾತ್ರಿ
ಕೊಲಂಬಸ್, ಒಹಾಯೊ

ಇವತ್ತು ಬರೆಯೋಕೆ ಕೂತಿದ್ದು ಒಂದು ಬೆಡ್‌ಶೀಟಿನಿಂದಾಗಿ.

ಆಫೀಸಿನ ಕಥೆ ಬಿಡಿ, ಅದೇ ಹಾಡು. ಮೂರೂವರೆ ಮೀಟಿಂಗಿನಲ್ಲಿ ಎಲ್ಲರ ಫೋನೂ ಒಟ್ಟಿಗೆ ಗುರ್ ಅಂದವು. ಹೌಸಿನ, ಅಂದರೆ ಕೆಳಮನೆಯ, ಸ್ಪೀಕರ್ ಪಾಲ್ ರಯಾನ್ ಆರೋಗ್ಯ ಬಿಲ್ ವಾಪಸ್ ತಗೊಂಡರಂತೆ. ಒಬಾಮಾ ತಂದ ಆರೋಗ್ಯ ವಿಮೆ ಕಾನೂನು ಒಬಾಮಾಕೇರನ್ನು ಕಿತ್ತು ಹಾಕ್ತೀವಿ ಅಂತ ಏಳು ವರ್ಷದಿಂದ ಹೇಳಿಕೊಂಡು ಬಂದವರು ಈ ರಿಪಬ್ಲಿಕನ್ನರು. ಈಗ ಹೌಸ್ ಅವರದು, ಸೆನೆಟ್ ಅವರದು, ವೈಟ್‌ಹೌಸೂ ಅವರದೇ. ಹೌಸಿನಲ್ಲಿ 237 ಜನ ಇಟ್ಟುಕೊಂಡು 216 ವೋಟ್ ಸಿಗಲಿಲ್ಲ. ನಿನ್ನೆ, ಮಾರ್ಚ್ 23ಕ್ಕೆ ವೋಟ್ ಇಟ್ಟಿದ್ದರು. 2010ರಲ್ಲಿ ಒಬಾಮಾ ಸಹಿ ಹಾಕಿದ ದಿನವೇ ಅದು. ಮುಹೂರ್ತ ನೋಡಿ ಚಪ್ಪರ ಹಾಕಿದರು, ಓಲಗದವರೂ ಬಂದರು, ಗಂಡೇ ಬರಲಿಲ್ಲ.

ಸಂಜೆ ಏಳಕ್ಕೆ ಬಟ್ಟೆ ಬುಟ್ಟಿ ಎತ್ತಿಕೊಂಡು ಕೆಳಗಿನ ಲಾಂಡ್ರಿ ರೂಮಿಗೆ ಇಳಿದೆ. ಶುಕ್ರವಾರ ಯಾರೂ ಇರಲ್ಲ ಅನ್ನೋ ಲೆಕ್ಕ. ಇದ್ದರು. ಟ್ರಕ್ ತಾತ ಮೂಲೆಯ ಕುರ್ಚಿಯಲ್ಲಿ ಕೂತು ಕಾಲುಚೀಲದ ಜೋಡಿ ಹುಡುಕುತ್ತಿದ್ದರು. ಮೂರನೇ ಮಹಡಿಯ ಅಕ್ಕ, ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡ್ತಾರಲ್ಲ, ಅವರು ಯೂನಿಫಾರ್ಮ್ ಹಾಕಿಕೊಂಡೇ ಡ್ರೈಯರ್ ಮುಂದೆ ನಿಂತಿದ್ದರು. ನವೆಂಬರ್ ಚುನಾವಣೆ ಆದಮೇಲೆ ಇವರಿಬ್ಬರೂ ಮುಖ ಕೊಟ್ಟು ಮಾತಾಡಿದ್ದು ನಾನು ನೋಡಿಲ್ಲ. ತಾತನ ಟ್ರಕ್ಕಿನ ಹಿಂದೆ ಆ ಟ್ರಂಪ್ ಸ್ಟಿಕರ್ ಬಂದ ದಿನದಿಂದ ಅಕ್ಕ ಗಾಡಿ ನಿಲ್ಲಿಸೋ ಜಾಗವನ್ನೇ ಬದಲಾಯಿಸಿದ್ದರು.

"ಬಿಲ್ ಸತ್ತೇಹೋಯ್ತಂತೆ," ಅಂದರು ತಾತ, ಯಾರನ್ನೂ ನೋಡದೆ.

"ಪೀಡೆ ತೊಲಗಿತು," ಅಂದರು ಅಕ್ಕ.

ತಾತ ತಲೆ ಎತ್ತಿದರು. ಇಬ್ಬರ ಮುಖದಲ್ಲೂ ನಗು. ನನಗೆ ಒಂದು ಕ್ಷಣ ರೂಮ್ ತಪ್ಪಿ ಬಂದೆನಾ ಅನ್ನಿಸಿತು.

ಅಕ್ಕ ದೊಡ್ಡ ಬೆಡ್‌ಶೀಟ್ ಒಂದನ್ನು ಹೊರಗೆಳೆದು ಮಡಿಸೋಕೆ ಒದ್ದಾಡುತ್ತಿದ್ದರು. ತಾತ ಎದ್ದುಹೋಗಿ ಇನ್ನೊಂದು ತುದಿ ಹಿಡಿದರು. ಇಬ್ಬರೂ ಹಿಂದೆ ಸರಿದು ಬಿಗಿಯಾಗಿ ಎಳೆದು ನಿಂತರು. ಮಾತು ಶುರುವಾಗಿದ್ದು ಆಗಲೇ.

"ಅದೂ ಒಂದು ಬಿಲ್ಲಾ? ಹಳೇ ಗೋಡೆಗೆ ಸುಣ್ಣ ಬಳಿದು ಹೊಸ ಮನೆ ಅಂದರೆ ನಾನು ನಂಬ್ತೀನಾ? ಇನ್ಶೂರೆನ್ಸ್ ತಗೋ, ಇಂಥದ್ದೇ ತಗೋ ಅಂತ ನನಗೆ ಹೇಳೋಕೆ ಸರ್ಕಾರ ಯಾರು? ಕೀಳೋದಾದರೆ ಬುಡಸಮೇತ ಕೀಳಲಿ," ಅಂದರು ತಾತ.

ಅಕ್ಕನ ಕೈ ಅಲ್ಲೇ ನಿಂತಿತು. "ನಿಮಗೆ ಕಿತ್ತಿದ್ದು ಸಾಲದು ಅಂತ ಸಿಟ್ಟಾ? ನನಗೆ ಇಷ್ಟೊಂದು ಕಿತ್ತರಲ್ಲ ಅಂತ ಹೊಟ್ಟೆ ಉರೀತಿತ್ತು! ಮೆಡಿಕೇಡ್ ಹೋದರೆ ನನ್ನ ತಮ್ಮನ ಗತಿ ಏನು?"

ತಮ್ಮನ ವಿಷಯ ಮೊದಲೊಮ್ಮೆ ಬರೆದಿದ್ದೆ. ಮೊದಲು ಬೆನ್ನುನೋವಿಗೆ ಮಾತ್ರೆ, ಆಮೇಲೆ ಹೆರಾಯಿನ್. ಈ ಊರಲ್ಲಿ ಹತ್ತು ಜನ ಸೇರಿದ ಕಡೆ ಇಂಥ ಒಂದು ಕಥೆ ಇರುತ್ತೆ. ಅವನ ಚಿಕಿತ್ಸೆ ನಡೀತಿರೋದು ಮೆಡಿಕೇಡಿನಿಂದ, ಅಂದರೆ ಬಡವರಿಗಿರೋ ಸರ್ಕಾರಿ ಇನ್ಶೂರೆನ್ಸಿನಿಂದ. ಒಹಾಯೊಗೆ ಅದನ್ನು ಹಿಗ್ಗಿಸಿ ತಂದಿದ್ದು ನಮ್ಮ ಗವರ್ನರ್ ಜಾನ್ ಕೇಸಿಕ್, ಅವರೂ ರಿಪಬ್ಲಿಕನ್ನೇ. ಸುಮಾರು 7 ಲಕ್ಷ ಜನ ಅದರೊಳಗೆ ಬಂದಿದ್ದಾರೆ. ಸ್ವರ್ಗದ ಬಾಗಿಲಲ್ಲಿ ಸಂತ ಪೀಟರ್ ಕೇಳೋದು ಸರ್ಕಾರವನ್ನು ಎಷ್ಟು ಚಿಕ್ಕದು ಮಾಡಿದೆ ಅಂತಲ್ಲ, ಬಡವರಿಗೆ ಏನು ಮಾಡಿದೆ ಅಂತ, ಅನ್ನೋ ಅರ್ಥದ ಮಾತು ಹೇಳಿ ತಮ್ಮ ಪಕ್ಷದವರ ಕೈಲೇ ಬೈಸಿಕೊಂಡವರು. ಅವರಿಗೂ ಈ ಬಿಲ್ ಬೇಡವಾಗಿತ್ತು. ಇತ್ತ ತಾತನ ಊರು ಅರ್ಬಾನಾ ಕಡೆಯ ಹೌಸ್ ಸದಸ್ಯ ಜಿಮ್ ಜೋರ್ಡನ್, ಅವರೂ ರಿಪಬ್ಲಿಕನ್, ಪಕ್ಷದೊಳಗಿನ ಕಟ್ಟಾ ಬಲಪಂಥೀಯರ ಗುಂಪು ಫ್ರೀಡಂ ಕಾಕಸ್ ಕಟ್ಟಿದವರಲ್ಲಿ ಒಬ್ಬರು. ಅವರಿಗೂ ಬೇಡ. ಒಂದೇ ರಾಜ್ಯ, ಒಂದೇ ಪಕ್ಷ. ಒಬ್ಬರಿಗೆ ಕಟುಕತನ ಜಾಸ್ತಿ ಆಯ್ತು, ಇನ್ನೊಬ್ಬರಿಗೆ ಧೈರ್ಯ ಕಮ್ಮಿ ಆಯ್ತು.

ಪಾಪ ರಯಾನ್, ಏನು ಮಾಡಬೇಕಿತ್ತು? ಕಂಬಳಿ ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ. ಪಾಲಿಸಿ ಅಂದಮೇಲೆ ಹೆರಿಗೆ, ಮಾನಸಿಕ ಚಿಕಿತ್ಸೆ, ಚಟ ಬಿಡಿಸೋದು ಎಲ್ಲ ಇರಲೇಬೇಕು ಅಂತ ಹಳೇ ಕಾನೂನಿನಲ್ಲಿ ಹತ್ತು ಬಾಬತ್ತಿನ ಪಟ್ಟಿ ಇದೆ. ಜೋರ್ಡನ್ ಗುಂಪನ್ನು ಒಲಿಸಿಕೊಳ್ಳೋಕೆ ಅದನ್ನು ರಾಜ್ಯಗಳೇ ನೋಡಿಕೊಳ್ಳಲಿ ಅಂತ ಕೊನೇ ಗಳಿಗೆಯಲ್ಲಿ ತಿದ್ದಿದರು. ಅವರು ಪೂರ್ತಿ ಒಲಿಯಲಿಲ್ಲ, ಮೆತ್ತಗಿನವರು ಇನ್ನಷ್ಟು ದೂರ ಸರಿದರು.

ತಾತ ಬೆಡ್‌ಶೀಟಿನ ಎರಡು ಮೂಲೆ ಜೋಡಿಸಿ ಹಿಡಿದು ಅಕ್ಕನ ಕಡೆ ನಡೆದರು. ಅಕ್ಕನೂ ಮುಂದೆ ಬಂದರು. ಮೂಲೆಗಳನ್ನು ಅಕ್ಕನ ಬೆರಳಿಗೆ ದಾಟಿಸಿ, ಕೆಳಗೆ ಜೋತುಬಿದ್ದ ಮಡಿಕೆಯನ್ನು ಬಗ್ಗಿ ಎತ್ತಿಕೊಂಡರು. ಹೆಂಡತಿ ತೀರಿಕೊಂಡು ಮೂರು ವರ್ಷ ಆದರೂ ಕೈಗೆ ಅಭ್ಯಾಸ ಹೋಗಿಲ್ಲ.

"ತಮ್ಮ ಹೇಗಿದ್ದಾನೆ?"

"ಹದಿನಾಲ್ಕು ತಿಂಗಳಾಯ್ತು, ಮುಟ್ಟಿಲ್ಲ."

"ಒಳ್ಳೇದು. ತುಂಬಾ ಒಳ್ಳೇದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೂ ಅದು ಸರ್ಕಾರದ ಕೆಲಸ ಅಲ್ಲ. ಚರ್ಚಿದೆ, ಊರಿನ ಜನ ಇದ್ದಾರೆ."

"ಹಾಗಾದರೆ ಆಸ್ಪತ್ರೆ ಬಿಲ್ ಊರಿನ ಜನಕ್ಕೇ ಕಳಿಸಲಾ? ನಿಮ್ಮ ಮನೆ ನಂಬರ್ ಹೇಳಿ."

ತಾತ ಜೋರಾಗಿ ನಕ್ಕರು. ಅಕ್ಕ ನಗಲಿಲ್ಲ. ಬೆಡ್‌ಶೀಟ್ ಬುಟ್ಟಿಗೆ ಹಾಕಿಕೊಂಡು, ಥ್ಯಾಂಕ್ಸ್ ಹೇಳಿ, ಮೆಟ್ಟಿಲು ಹತ್ತಿ ಹೋದರು.

ನಾನು ಕ್ವಾರ್ಟರ್ ನಾಣ್ಯ ಹಾಕುತ್ತ ಬಾಯಿ ಮುಚ್ಚಿಕೊಂಡಿದ್ದೆ. ಹೇಳೋಕೆ ಇತ್ತು. ತಾತನಿಗೆ 62, ವಯಸ್ಸಾದವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ ಸಿಗೋಕೆ ಇನ್ನೂ ಮೂರು ವರ್ಷ. ಸ್ವಂತ ಟ್ರಕ್ಕು, ಈಗಿನ ಸಬ್ಸಿಡಿಗೆ ಆದಾಯ ಸ್ವಲ್ಪ ಜಾಸ್ತಿ. ಈ ಬಿಲ್ಲಿನಲ್ಲಿ ಅವರ ವಯಸ್ಸಿನವರಿಗೆ ವರ್ಷಕ್ಕೆ 4000 ಡಾಲರ್ ತೆರಿಗೆ ರಿಯಾಯಿತಿ ಇತ್ತು. ಜೊತೆಗೆ, ಹುಡುಗರಿಗಿಂತ ಮೂರು ಪಟ್ಟು ಮಾತ್ರ ವಸೂಲಿ ಮಾಡಬಹುದಾಗಿದ್ದ ಪ್ರೀಮಿಯಂ ಐದು ಪಟ್ಟಿಗೆ ಏರುತ್ತಿತ್ತು. ಇದನ್ನೆಲ್ಲ ಹೇಳಿದರೆ ತಾತ ಏನು ಅನ್ನುತ್ತಾರೆ ಅಂತ ಗೊತ್ತು. ಆ 4000 ಕೂಡ ಸರ್ಕಾರದ ದುಡ್ಡೇ, ನನಗ್ಯಾಕೆ? ಹತ್ತು ವರ್ಷದಲ್ಲಿ 2 ಕೋಟಿ 40 ಲಕ್ಷ ಜನಕ್ಕೆ ಇನ್ಶೂರೆನ್ಸ್ ಇರಲ್ಲ ಅಂತ ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿಯ ಲೆಕ್ಕ ಬಂದಾಗಲೂ ಹೀಗೇ ಆಯ್ತು. ಅಕ್ಕನಿಗೆ ಅದು ಕಳ್ಕೊಳ್ಳೋರ ಲೆಕ್ಕ. ತಾತನಿಗೆ, ಇನ್ಶೂರೆನ್ಸ್ ಇಲ್ಲದವರು ಕಟ್ಟಬೇಕಾದ ದಂಡದ ಹೆದರಿಕೆ ಹೋದರೆ ತಾವಾಗೇ ಬಿಟ್ಟು ಹೋಗೋರ ಲೆಕ್ಕ. ಆ ಸಂಖ್ಯೆಯೊಳಗೆ ಇಬ್ಬರು ಹೇಳೋ ಜನರೂ ಇದ್ದಾರೆ ಅನ್ನೋದೇ ತಮಾಷೆ.

ಮತ್ತೆ ವೋಟಿಲ್ಲದವಳು ನಾನು. ಎಚ್‌ವನ್ ವೀಸಾದವರು ಲಾಂಡ್ರಿ ರೂಮಿನಲ್ಲಿ ರಾಜಕೀಯ ಮಾತಾಡಬಾರದು ಅಂತ ನಮ್ಮ ಯಜಮಾನರು ಬಂದ ಹೊಸತರಲ್ಲೇ ಹೇಳಿಕೊಟ್ಟಿದ್ದಾರೆ.

2009ರಲ್ಲಿ ನಾನು ಕ್ಲೀವ್‌ಲ್ಯಾಂಡಿನಲ್ಲಿ ಎಂಎಸ್ ಓದುತ್ತಿದ್ದೆ. ಆ ನವೆಂಬರಿನಲ್ಲಿ ಹೌಸಿನಲ್ಲಿ ಒಬಾಮಾ ಬಿಲ್ 220-215ರಲ್ಲಿ ಪಾಸಾಯ್ತು. ಬೇಡ ಅಂದವರಲ್ಲಿ ಒಹಾಯೊದ ಜಾನ್ ಬೇನರ್, ರಿಪಬ್ಲಿಕನ್ ನಾಯಕ. ಬೇಡ ಅಂದವರಲ್ಲಿ ಕ್ಲೀವ್‌ಲ್ಯಾಂಡಿನ ಡೆನಿಸ್ ಕುಸಿನಿಚ್ ಕೂಡ, ಒಬಾಮಾ ಪಕ್ಷದವರೇ. ಬೇನರ್‌ಗೆ ಸರ್ಕಾರ ಜಾಸ್ತಿ ಆಯ್ತು, ಕುಸಿನಿಚ್‌ಗೆ ಇನ್ಶೂರೆನ್ಸ್ ಕಂಪನಿ ಜಾಸ್ತಿ ಆಯ್ತು. ಎಲ್ಲರಿಗೂ ಮೆಡಿಕೇರ್ ಕೊಡಿ ಅಂತ ಅವರ ಹಠ. ಮುಂದಿನ ಮಾರ್ಚಿನಲ್ಲಿ ಒಬಾಮಾ ಕುಸಿನಿಚ್‌ರನ್ನು ತಮ್ಮ ವಿಮಾನದಲ್ಲಿ ಕೂರಿಸಿಕೊಂಡು ಹೋದರು, ಬೇಡ ಹೋಗಿ ಬೇಕು ಆಯ್ತು. ವೋಟಿನ ಬೋರ್ಡಿನಲ್ಲಿ ಮಾತ್ರ ಎಲ್ಲ ಬೇಡವೂ ಒಂದೇ ಬಣ್ಣ. ಅಲ್ವಾ?

ಒಂಬತ್ತೂವರೆಗೆ ಅಮ್ಮನ ಫೋನು. ಅಲ್ಲಿ ಶನಿವಾರ ಬೆಳಗ್ಗೆ. ಯುಗಾದಿಗೆ ಇನ್ನು ನಾಲ್ಕೈದು ದಿನ, ಆಗಲೇ ಮನೆ ತೊಳೆಯೋ ಗಡಿಬಿಡಿ.

"ಈ ವರ್ಷ ಬರಲ್ಲ ಕಣೇ ನಾನು, ಟಿಕೆಟ್ ಮಾಡಬೇಡ," ಅಂದಳು ಎತ್ತಿದ ಬಾಯಿಗೇ.

"ಯಾಕಮ್ಮ?"

"ಏನಿದೆ ಅಲ್ಲಿ? ಹೋದ ಸಲ ಕಿಟಕಿ ಹತ್ರ ಕೂತು ಕಾರು ಎಣಿಸಿದ್ದೇ ಆಯ್ತು. ಮಾತಿಗೆ ಒಂದು ನರಪಿಳ್ಳೆ ಇಲ್ಲ."

ಇವರೂ ತಿಂಗಳಿಂದ ಅದನ್ನೇ ಹೇಳ್ತಿದ್ದಾರೆ, ಈ ವರ್ಷ ಬೇಡ ಅಂತ. ಇವರ ಕಾರಣ ಸಕ್ಕರೆ ಕಾಯಿಲೆ. ನಾವು ನೋಡಿದ ವಿಸಿಟರ್ ಇನ್ಶೂರೆನ್ಸ್ ಯಾವುದರಲ್ಲೂ ಹಳೇ ಕಾಯಿಲೆಗೆ ಸರಿಯಾಗಿ ದುಡ್ಡು ಬರಲ್ಲ. ಒಂದು ರಾತ್ರಿ ಎಮರ್ಜೆನ್ಸಿಗೆ ಹೋದರೆ ನಮ್ಮ ಕಥೆ ಮುಗೀತು ಅಂತಾರೆ. ಸುಳ್ಳಲ್ಲ.

ಫೋನಿಟ್ಟು ಹೇಳಿದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಸರಿಹೋಯ್ತಲ್ಲ, ಅತ್ತೆನೂ ಅದನ್ನೇ ಹೇಳಿದರು," ಅಂದರು.

ಅದನ್ನೇ ಹೇಳಲಿಲ್ಲ. ಅಮ್ಮ ಹೇಳಿದ ಬೇಡಕ್ಕೆ ನಾನು ಎರಡು ವಾರ ರಜೆ ಹಾಕಿದರೆ ಸಾಕಿತ್ತೇನೋ. ಇವರು ಹೇಳಿದ ಬೇಡಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆಮೇಲೆ ಇನ್ನೊಂದು, ಅಮ್ಮನಿಗೆ ಇವರ ಲೆಕ್ಕ ಯಾರಾದರೂ ಹೇಳಿಬಿಟ್ಟಿದ್ದಾರಾ? ಕಾರು ಎಣಿಸಿದ್ದು ಬರೀ ನೆಪವಾ? ನಾಳೆ ಅಪ್ಪನ ಹತ್ತಿರ ಕೇಳಿದರೆ

ಅಯ್ಯೋ, ಬಟ್ಟೆ ಎಲ್ಲ ಡ್ರೈಯರಿನಲ್ಲೇ ಬಿಟ್ಟು ಬಂದಿದ್ದೀನಿ.