ಹೆಸರಷ್ಟೇ ಬದಲಾಗುವ ಮಾನಪತ್ರ

ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಪುಣ್ಯತಿಥಿಯ ಫ್ಲೆಕ್ಸು, ಅರ್ಜಿ ಟೈಪಿಂಗು, ಝೆರಾಕ್ಸು ಎಲ್ಲವೂ ಉಂಟು. ಆದರೆ ನನಗೆ ನಾಲ್ಕು ಕಾಸು ಉಳಿಯುವುದು ಮಾನಪತ್ರದಲ್ಲಿ. ಸ್ವಾತಂತ್ರ್ಯ ದಿನ, ಶಿಕ್ಷಕರ ದಿನ, ಗಣಪತಿ ಹಬ್ಬ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಆಮೇಲೆ ಜನವರಿ 26. ಈ ದಿನಗಳಲ್ಲಿ ಊರಿನಲ್ಲಿ ಸತ್ಕಾರ ಮಾಡುವವರೂ ಮಾಡಿಸಿಕೊಳ್ಳುವವರೂ ಒಟ್ಟಿಗೇ ಹೆಚ್ಚುತ್ತಾರೆ.

ನನ್ನ ಕಂಪ್ಯೂಟರಿನಲ್ಲಿ ಮಾನಪತ್ರದ ಒಂದು ಹಳೆಯ ಫೈಲಿದೆ. ಸುತ್ತ ಬಂಗಾರದ ಬಣ್ಣದ ಬಳ್ಳಿ, ಮೇಲೆ ಭುವನೇಶ್ವರಿ. ‘ತಾವು ಸಮಾಜಕ್ಕೆ ನಿಸ್ವಾರ್ಥವಾಗಿ ಸಲ್ಲಿಸಿದ ಅನುಪಮ ಹಾಗೂ ಅವಿಸ್ಮರಣೀಯ ಸೇವೆಯನ್ನು ಪರಿಗಣಿಸಿ…’ ಎಂದು ಶುರುವಾಗುತ್ತದೆ. ಈ ಸಾಲುಗಳಿಂದ ಕುಸ್ತಿ ಉಸ್ತಾದರ ಸನ್ಮಾನವಾಗಿದೆ, ಅನಾಥ ಶವಗಳಿಗೆ ಮಣ್ಣು ಕೊಡುವ ಹುಡುಗರದ್ದಾಗಿದೆ, ನಿವೃತ್ತಿಯ ದಿನ ಮಾತ್ರ ಟೈಮಿಗೆ ಸರಿಯಾಗಿ ಕಚೇರಿಗೆ ಬಂದ ಗುಮಾಸ್ತರದ್ದೂ ಆಗಿದೆ. ಯಾರೂ ತಕರಾರು ಎತ್ತಿಲ್ಲ. ಮಾನಪತ್ರವನ್ನು ಓದುವುದಿಲ್ಲ, ಗೋಡೆಗೆ ತೂಗುಹಾಕುತ್ತಾರೆ. ಹಾಗಾಗಿ ನಾನೂ ಹೆಸರು ಬದಲಿಸುವುದು, ಪ್ರಿಂಟು ಕೊಡುವುದು, ಫ್ರೇಮಿನವನ ಹತ್ತಿರ ಕಳಿಸುವುದು ಮಾಡಿಕೊಂಡಿದ್ದೆ.

ಹೋದ ನವೆಂಬರಿನಲ್ಲಿ ಶಾಸಕರ ಕಡೆಯ ಹುಡುಗನೊಬ್ಬ ಬೈಕ್ ನಿಲ್ಲಿಸಿ ಬಂದ.

‘ಅಣ್ಣಾ, ಐದು ಮಾನಪತ್ರ ಬೇಕ್ರಿ. ನಾಡಿದ್ದು ರಂಗಮಂದಿರದಾಗ ಸತ್ಕಾರ ಐತಿ. ಸಾಹೇಬ್ರ ಕೈಲೇ ಕೊಡಸೂದು. ಮ್ಯಾಟರು ನಿಮ್ಮ ಕಡೆ ಇದ್ದದ್ದ ಹಾಕ್ರಿ, ಹೆಸರಷ್ಟ ಬದ್ಲಿ ಮಾಡ್ರಿ.’

ವಾಟ್ಸ್ಆ್ಯಪಿನಲ್ಲಿ ಪಟ್ಟಿ ಬಂತು. ಐದು ಹೆಸರು, ಐದರ ಮುಂದೆಯೂ ‘ಸಮಾಜ ಸೇವಕರು’. ಎರಡನೆಯ ಹೆಸರು ನೋಡಿ ಕೈ ನಿಂತಿತು. ಅದು ನಮ್ಮ ಓಣಿಯ ಟಾಂಗಾ ಕಾಕಾನದು, ಅದೂ ತಪ್ಪಾಗಿ ಬರೆದಿತ್ತು. ಕಾಕಾ ಸಮಾಜ ಸೇವಕರಾದದ್ದು ಯಾವಾಗ? ಆತ ಓಣಿಯ ಹಿಂದಿನ ಬಾವಡಿ, ಅಂದರೆ ಮೆಟ್ಟಿಲುಬಾವಿ, ಹಸನು ಮಾಡಿದ್ದು ಗೊತ್ತಿತ್ತು, ಆದರೆ ಹೇಗೆ, ಯಾಕೆ ಎಂದು ಯಾವತ್ತೂ ಕೂತು ಕೇಳಿರಲಿಲ್ಲ. ಹೆಸರಿನ ಅಕ್ಷರ ಖಾತ್ರಿ ಮಾಡಿಕೊಳ್ಳುವ ನೆಪ ಸಿಕ್ಕಿತು. ಸಂಜೆ ಅಂಗಡಿಯನ್ನು ಹುಡುಗನಿಗೆ ಒಪ್ಪಿಸಿ ಹೋದೆ.

ಹೊರಗಿನವರಿಗೆ ನಮ್ಮ ಬಾವಡಿಗಳ ಬಗ್ಗೆ ಒಂದಿಷ್ಟು ಹೇಳಬೇಕು. ಗೋಳಗುಮ್ಮಟ ನೋಡಿ ಬಸ್ಸು ಹತ್ತುವವರಿಗೆ ಈ ಊರು ನೀರಿನ ಮೇಲೆ ನಿಂತದ್ದು ಗೊತ್ತಾಗುವುದಿಲ್ಲ. ಮಳೆ ಕಡಿಮೆ, ನೆಲವೆಲ್ಲ ಕರಿಕಲ್ಲು. ಅಂಥ ಜಾಗದಲ್ಲಿ ಆದಿಲ್‌ಶಾಹಿಗಳು ರಾಜಧಾನಿ ಕಟ್ಟಿ, ಅದಕ್ಕೆ ನೀರು ಕುಡಿಸಿದರು. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು, ಇಳಿಜಾರಿನ ಬಲದಿಂದಲೇ ನೀರನ್ನು ಊರೊಳಗೆ ತಂದರು. ದಾರಿಯಲ್ಲಿ ಒತ್ತಡ ತಗ್ಗಿಸಲು, ಹೂಳು ಕೂರಿಸಲು ಗಂಜ್ ಎನ್ನುವ ಗೋಪುರಗಳನ್ನು ಕಟ್ಟಿದರು. ಶಹಾಪುರ ದರವಾಜೆಯ ಕಡೆ ಚಾಂದ ಬಾವಡಿ 1579ರದ್ದು, ಒಂದನೆಯ ಅಲಿ ಆದಿಲ್‌ಶಾಹನ ಕಾಲ. ತಾಜ್ ಬಾವಡಿ 1620ರ ಸುಮಾರಿನದು, ಎರಡನೆಯ ಇಬ್ರಾಹಿಮನ ಕಾಲ. ಅದರ ಬಾಗಿಲ ಕಮಾನೇ 35 ಅಡಿ ಅಗಲ. ಬೇಗಂ ತಲಾಬ್ 1651ರದ್ದು. ಸುರಂಗ ಬಾವಡಿಯಂತೂ, ಜಗತ್ತಿನ ಹಳೆಯ ಸ್ಮಾರಕಗಳನ್ನು ಉಳಿಸಲು ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯ 2020ರ ಕಾಪಾಡಬೇಕಾದ ತಾಣಗಳ ಪಟ್ಟಿಯಲ್ಲೇ ಸೇರಿತು. 2017ರ ಸುಮಾರಿಗೆ ಸರ್ಕಾರ ತಾಜ್ ಬಾವಡಿಯೂ ಸೇರಿ ಹಲವು ಬಾವಡಿಗಳ ಹೂಳು ತೆಗೆಸಿದಾಗ ಊರ ಜನ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗುತ್ತಿದ್ದರು.

ಇವೆಲ್ಲ ಹೆಸರುಳ್ಳ ಬಾವಡಿಗಳು. ನಮ್ಮ ಓಣಿಯದಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ಸುತ್ತ ಮನೆಗಳ ಹಿತ್ತಲ ಗೋಡೆ, ನಡುವೆ ಮೆಟ್ಟಿಲು, ಕೆಳಗೆ ನೀರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಆ ನೀರೂ ಕಾಣುತ್ತಿರಲಿಲ್ಲ.

ಕಾಕಾ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಸತ್ಕಾರ ಅಂದ ಕೂಡಲೇ ಹುಬ್ಬು ಮೇಲೇರಿತು. ‘ನನಗ್ಯಾಕ? ಟಾಂಗಾ ಬಿಟ್ಟೇನೇ ಎಷ್ಟು ವರ್ಷಾತು.’

ಬಾವಡಿಯ ಸಲುವಾಗಿ ಎಂದೆ. ಆಗ ಕಥೆ ಬಿಚ್ಚಿದರು. ಗೋಳಗುಮ್ಮಟದ ಮುಂದೆ ಟಾಂಗಾ ಹಚ್ಚುತ್ತಿದ್ದ ಕಾಲ. ಸಂಜೆ ಮನೆಗೆ ಬಂದವರು ಕುದುರೆಗೆ ಬಾವಡಿಯ ನೀರನ್ನೇ ಸೇದಿ ಬಕೆಟ್ಟಿನಲ್ಲಿ ಇಡುತ್ತಿದ್ದರು. ಒಂದು ಬ್ಯಾಸಗಿಯಲ್ಲಿ ಕುದುರೆ ಆ ನೀರು ಕುಡಿಯಲಿಲ್ಲ.

‘ಬಾಯಿ ಹಚ್ಚಲಿಲ್ಲ ನೋಡು ತಮ್ಮಾ. ಮೂಸಿ ನೋಡಿ ಹಿಂದಕ್ಕ ಸರಿತು. ಮನಷ್ಯಾ ಆದ್ರ ಬಾಟ್ಲಿ ಕೊಂಡು ಕುಡಿತಾನ. ಅದೇನ ಮಾಡಬೇಕು?’

ಮರುದಿನ ಕಾಕಾ ಸೊಂಟಕ್ಕೆ ಟಾಂಗಾದ ಹಗ್ಗ ಕಟ್ಟಿಕೊಂಡು ಇಳಿದರು. ಮೇಲೆ ಹಗ್ಗ ಹಿಡಿದವನು ಅವರ ಮಗ. ಮೊದಲು ಬಂದದ್ದು ಗಣಪತಿ ಮೂರ್ತಿಗಳ ಕಬ್ಬಿಣದ ಸರಳು ಮತ್ತು ಕಟ್ಟಿಗೆ ಹಲಗೆ. ಆಮೇಲೆ ಟೆಂಗಿನ ಚಿಪ್ಪು, ಸೀಸೆ, ಚಪ್ಪಲಿ, ಹಾಸಿಗೆಯ ಅರಳೆ, ಚುನಾವಣೆಯ ಫ್ಲೆಕ್ಸುಗಳ ದೊಡ್ಡ ಸುರುಳಿ. ಅದರಲ್ಲಿ ಕೆಲವು ನನ್ನ ಅಂಗಡಿಯವೇ ಇದ್ದಾವು. ನಾನು ಆ ವಿಷಯ ಕೆದಕಲಿಲ್ಲ. ಅದರ ಕೆಳಗೆ ರಾಡಿ. ರಾಡಿಯನ್ನು ಬುಟ್ಟಿಯಲ್ಲಿ ತುಂಬಿ ಮೇಲೆ ಕಳಿಸುವುದು ಇಬ್ಬರ ಕೆಲಸವಲ್ಲ. ಓಣಿಯ ಹುಡುಗರು ಒಬ್ಬೊಬ್ಬರಾಗಿ ಸೇರಿದರು. ಈಜು ಬಲ್ಲ ಇಬ್ಬರು ಕಾಲೇಜು ಹುಡುಗರು ಆಳಕ್ಕೆ ಇಳಿಯುವ ಕೆಲಸ ವಹಿಸಿಕೊಂಡರು. ಪಟ್ಟಿಯಲ್ಲಿದ್ದ ಮತ್ತೆರಡು ಹೆಸರು ಅವರವೇ.

ನಾಲ್ಕನೆಯ ಹೆಸರು ಒಬ್ಬ ಗೌಂಡಿ ಮೇಸ್ತ್ರಿಯದು. ಸಡಿಲಾದ ಮೆಟ್ಟಿಲ ಕಲ್ಲುಗಳನ್ನು ಯಾರೋ ಸಿಮೆಂಟಿನಿಂದ ಕೂರಿಸಲು ಹೊರಟಾಗ ಈತ ಜಗಳ ತೆಗೆದಿದ್ದ. ಸಿಮೆಂಟು ಗಟ್ಟಿ, ಒಳಗಿನ ನೀರು ಹೊರಬರಲು ಬಿಡುವುದಿಲ್ಲ, ಕೊನೆಗೆ ಕಲ್ಲೇ ಸಿಡಿಯುತ್ತದೆ ಎಂಬುದು ಆತನ ವಾದ. ಸುಣ್ಣ, ಮರಳು, ಬೆಲ್ಲದ ನೀರು ಕಲಸಿ ಗಚ್ಚು ಮಾಡಿ ತಾನೇ ಹಾಕಿಕೊಟ್ಟ. ಕೂಲಿ ತೆಗೆದುಕೊಳ್ಳಲಿಲ್ಲ, ಸುಣ್ಣದ ರೊಕ್ಕ ಮಾತ್ರ ಬಿಡಲಿಲ್ಲ.

ಐದನೆಯವರು ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುವ ಮಾವಶಿ. ಅವರ ಮನೆಗೂ ಹೋದೆ. ತವೆಯ ಮುಂದಿನಿಂದ ಏಳಲಿಲ್ಲ. ‘ನಾ ಏನ ಮಾಡೀನೋ ಯಪ್ಪಾ? ರೊಟ್ಟಿ ಬಡದೀನಿ ಅಷ್ಟ.’ ಕೆಲಸ ನಡೆದಷ್ಟು ಭಾನುವಾರ ಆ ಹುಡುಗರಿಗೆಲ್ಲ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಳಿಸಿದ್ದು ಇವರೇ. ಮೇಸ್ತ್ರಿ ಹೇಳಿದ ಮಾತು: ರೊಟ್ಟಿ ಇರದಿದ್ದರೆ ಎರಡನೆಯ ವಾರಕ್ಕೇ ಮಂದಿ ಕರಗಿಹೋಗುತ್ತಿದ್ದರು.

ರಾತ್ರಿ ಅಂಗಡಿಗೆ ಮರಳಿ ಹಳೆಯ ಫೈಲು ತೆರೆದರೆ ‘ಅನುಪಮ’ ಕಣ್ಣಿಗೆ ಚುಚ್ಚಿತು. ಅಳಿಸಿದೆ. ಐದು ಜನಕ್ಕೆ ಐದು ಬೇರೆ ಬೇರೆ ಮಾನಪತ್ರ ಬರೆದೆ. ಕಾಕಾನದು ಹೀಗಿತ್ತು: ‘ತಮ್ಮ ಕುದುರೆ ಬಾವಡಿಯ ನೀರಿಗೆ ಬಾಯಿ ಹಚ್ಚಲಿಲ್ಲವೆಂದು, ಟಾಂಗಾದ ಹಗ್ಗವನ್ನೇ ಸೊಂಟಕ್ಕೆ ಬಿಗಿದು ಬಾವಡಿಗೆ ಇಳಿದವರು ತಾವು. ಮೊದಲ ಬುಟ್ಟಿ ರಾಡಿ ಹೊತ್ತವರೂ ತಾವೇ.’ ಮಾವಶಿಯದರಲ್ಲಿ ರೊಟ್ಟಿಯೂ ಹಿಂಡಿಯೂ ಬಂದವು. ಮೇಸ್ತ್ರಿಯದರಲ್ಲಿ ಗಚ್ಚು.

ಶಾಸಕರ ಹುಡುಗ ಪ್ರೂಫ್ ನೋಡಿ ಮುಖ ಸಣ್ಣದು ಮಾಡಿದ. ‘ಕುದುರಿ, ರೊಟ್ಟಿ ಇವೆಲ್ಲ ಮಾನಪತ್ರದಾಗ ಬರ್ತಾವೇನ್ರಿ? ಸಾಹೇಬ್ರ ಫೋಟೋ ಎಲ್ಲಿ ಹೋತು?’ ಫೋಟೋ ಬಲಮೂಲೆಗೆ ಹಾಕಿಕೊಟ್ಟೆ, ಹೆಸರಿನ ಅಕ್ಷರವನ್ನು ಎರಡು ಸೈಜು ದೊಡ್ಡದು ಮಾಡಿದೆ. ಕುದುರೆ, ರೊಟ್ಟಿ ಮಾತ್ರ ತೆಗೆಯಲಿಲ್ಲ. ತೆಗೆಸಲೇಬೇಕಾದರೆ ಬೇರೆ ಅಂಗಡಿ ನೋಡಿಕೋ ಎಂದೆ. ಸತ್ಕಾರಕ್ಕೆ ಒಂದೇ ದಿನ ಉಳಿದಿದ್ದರಿಂದ ನನ್ನ ಧೈರ್ಯ ನಡೆಯಿತು.

ಕಂದಗಲ್ಲ ಹನುಮಂತರಾಯ ರಂಗಮಂದಿರದಲ್ಲಿ ಅಂದು ಕಾರ್ಯಕ್ರಮ ಹೇಗೆ ನಡೆಯಿತೆಂದು ವರ್ಣಿಸುವುದು ಬೇಡ. ಇಂಥದ್ದನ್ನು ನೋಡದ ಕನ್ನಡಿಗರಿಲ್ಲ. ನಾಡಗೀತೆ, ಸ್ವಾಗತ, ಸ್ವಾಗತದೊಳಗೊಂದು ಸ್ವಾಗತ. ಶಾಸಕರು ತಡವಾಗಿ ಬಂದರು. ಪೇಟಾ, ಶಾಲು, ಹಾರ, ಹಣ್ಣಿನ ಬುಟ್ಟಿ. ಕಾಕಾನ ಪೇಟಾ ಕಣ್ಣಿನ ಮೇಲೆ ಇಳಿದಿತ್ತು. ಮಾವಶಿ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತಿದ್ದರು.

ನಿರೂಪಕರು ಮಾನಪತ್ರ ಓದಲು ಕೈಗೆತ್ತಿಕೊಂಡಾಗ ಶಾಸಕರು ‘ಕೊಡ್ರಿ, ನಾನ ಓದ್ತೀನಿ’ ಎಂದು ತೆಗೆದುಕೊಂಡರು. ಅವರು ಅದನ್ನು ಮೊದಲ ಸಲ ನೋಡುತ್ತಿದ್ದರೆಂಬುದು ಓದುವ ರೀತಿಯಿಂದಲೇ ತಿಳಿಯುತ್ತಿತ್ತು. ‘ತಮ್ಮ ಕುದುರೆ…’ ಎನ್ನುವಲ್ಲಿ ನಿಂತು, ಮತ್ತೊಮ್ಮೆ ನೋಡಿ, ಮುಂದುವರಿದರು. ಸಭೆಯಲ್ಲಿ ನಗು ಎದ್ದಿತು. ಸೊಂಟದ ಹಗ್ಗಕ್ಕೆ ಬರುವಷ್ಟರಲ್ಲಿ ನಗು ನಿಂತಿತ್ತು. ರೊಟ್ಟಿಯ ಸಾಲು ಬಂದಾಗ ಹೆಣ್ಣುಮಕ್ಕಳು ಕೂತ ಕಡೆಯಿಂದ ಬಿದ್ದ ಚಪ್ಪಾಳೆ ನನಗೆ ಈಗಲೂ ಖುಷಿ ಕೊಡುತ್ತದೆ.

ಶಾಸಕರು ಮಾನಪತ್ರ ಕೆಳಗಿಟ್ಟು ಒಂದು ಮಾತು ಹೇಳಿದರು. ‘ಸದನದೊಳಗ ನಾವು ಒಬ್ಬರ ಹೆಸರು ತಗೊಂಡು, ಅವರು ಮಾಡಿದ ಕೆಲಸ ಹೇಳಿ, ಎದ್ದು ನಿಂತು ಗೌರವ ಕೊಡೂದು ಹೆಚ್ಚಾಗಿ ಅವರು ತೀರಿಹೋದ ಮ್ಯಾಲೆ.’ ಅಧಿವೇಶನದ ಮೊದಲ ದಿನದ ಸಂತಾಪ ಸೂಚನೆಯ ವಿಷಯ ಅದು. ಬೆಳಗಾವಿಯ ಸುವರ್ಣ ವಿಧಾನಸೌಧದ ಗ್ಯಾಲರಿಯಲ್ಲಿ ಕೂತು ನಾನೂ ಒಮ್ಮೆ ಅದನ್ನು ನೋಡಿದ್ದೇನೆ. ಹುಟ್ಟಿದ ಊರು, ಕಲಿತ ಶಾಲೆ, ಮಾಡಿದ ಕೆಲಸ ಎಲ್ಲವನ್ನೂ ಬಿಡದೆ ಹೇಳಿ, ಮೌನ ಆಚರಿಸುತ್ತಾರೆ. ಬದುಕಿದ್ದವರಿಗೆ ಶಾಲು ಸಿಗುತ್ತದೆ, ವಿವರ ಸಿಗುವುದು ಸತ್ತವರಿಗೆ. ಶಾಸಕರು ಅದನ್ನು ಭಾಷಣದ ಭರದಲ್ಲಿ ಅಂದರೋ ಮನಸ್ಸಿನಿಂದ ಅಂದರೋ ನಾನರಿಯೆ, ಮಾತು ಮಾತ್ರ ಖರೆ.

ಆಮೇಲೆ ಅವರು ಕಾಕಾನ ಕೈಗೆ ಮೈಕು ಕೊಟ್ಟರು. ಧನ್ಯವಾದ ಹೇಳಿಸಲು ಇರಬೇಕು. ಕಾಕಾ ಪೇಟಾ ಹಿಂದಕ್ಕೆ ಸರಿಸಿ ಹೇಳಿದರು:

‘ಸಾಹೇಬ್ರ, ಹಾರ ಹಾಕಿದ್ರಿ, ಚಲೋ ಆತು. ಖರೆ ಮೂಡಣ ದಿಕ್ಕಿನ ಗಟಾರ ಮಳಿ ಬಂದ್ರ ಈಗೂ ಬಾವಡಿಗೇ ಬಂದು ಬೀಳ್ತೈತಿ. ನಾವು ರಾಡಿ ತಗಿತೀವಿ, ಅದು ತುಂಬ್ತೈತಿ. ಅದೊಂದು ಬಂದ್ ಮಾಡಸ್ರಿ. ಮುಂದಿನ ವರ್ಷ ಹಾರ ಬ್ಯಾಡ.’

ಆ ದಿನದ ದೊಡ್ಡ ಚಪ್ಪಾಳೆ ಇದಕ್ಕೇ ಬಿತ್ತು. ಶಾಸಕರು ನಕ್ಕು, ಹಿಂದೆ ತಿರುಗಿ ಆಪ್ತ ಸಹಾಯಕರಿಗೆ ಬರೆದುಕೊಳ್ಳಲು ಹೇಳಿದರು.

ನಮ್ಮ ಊರಿಗೆ ಗೌರವದ ವಿಷಯದಲ್ಲಿ ಅದರದೇ ಒಂದು ರೀತಿ ಇದೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. ಅವರ ಅಂಗಿಗೆ ಜೇಬೇ ಇರಲಿಲ್ಲ. ಅದೇ ವರ್ಷದ ಪಟ್ಟಿಯಲ್ಲಿ ಪಕ್ಕದ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಭಾವೈಕ್ಯದ ಪ್ರವಚನಕಾರ ಇಬ್ರಾಹಿಂ ಸುತಾರರೂ ಇದ್ದರು. ಅವರು ಸ್ವೀಕರಿಸಿದರು, ಜನ ಸಂಭ್ರಮಿಸಿದರು. ಇಬ್ಬರನ್ನೂ ಊರು ಒಂದೇ ತೆರನಾಗಿ ಪ್ರೀತಿಸಿತು. ವಚನದ ತಾಡೋಲೆಗಳಿಗಾಗಿ ಊರೂರು ತಿರುಗಿದ ಫ.ಗು. ಹಳಕಟ್ಟಿಯವರು ಮುಂಬಯಿ ಪ್ರಾಂತದ ಶಾಸನ ಸಭೆಯ ಸದಸ್ಯರೂ ಆಗಿದ್ದವರು. ಈಗ ಅವರನ್ನು ನೆನೆಯುವವರು ಹೇಳುವುದು ಮನೆ ಮಾರಿ ಮುದ್ರಣಾಲಯ ಹಾಕಿದ ಸಂಗತಿಯನ್ನು. ನಾನೂ ಅಚ್ಚಿನ ಕಸುಬಿನವನಾದ್ದರಿಂದ ನನಗೆ ಅದರ ಮೇಲೆ ಸ್ವಲ್ಪ ಹೆಚ್ಚು ಅಭಿಮಾನ. ರಾಜ್ಯೋತ್ಸವ ಪ್ರಶಸ್ತಿಯಲ್ಲಿ ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಜನರನ್ನು ಆರಿಸುತ್ತಾರೆ, 2024ರಲ್ಲಿ 69. ಆ ಲೆಕ್ಕದಲ್ಲಿ ಟಾಂಗಾ ಕಾಕಾನಂಥವರ ಸರದಿ ಎಂದಿಗೆ ಬರಬೇಕು? ಅದಕ್ಕೇ ಊರ ಶಾಸಕರು ಊರೊಳಗೇ ಮಾಡುವ ಸತ್ಕಾರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಾಡಲಿ. ಮಾಡುವಾಗ ಆ ಮನುಷ್ಯ ಏನು ಮಾಡಿದನೆಂದು ಒಂದು ಸಾಲು ತಿಳಿದುಕೊಂಡು ಬರಲಿ.

ಡಿಸೆಂಬರಿನಲ್ಲಿ ಕಾಕಾ ಅಂಗಡಿಗೆ ಬಂದರು, ಬಗಲಲ್ಲಿ ಫ್ರೇಮು ಹಾಕಿದ ಮಾನಪತ್ರ. ಗಾಜು ಒಡೆದಿರಬೇಕು ಅಂದುಕೊಂಡೆ. ಅವರು ಕೂತು, ಗಟಾರದ ಬಗ್ಗೆ ಒಂದು ಅರ್ಜಿ ಟೈಪ್ ಮಾಡು ಎಂದರು. ಯಾವ ಕಚೇರಿಗೆ, ಯಾರ ಹೆಸರಿಗೆ ಎಲ್ಲ ಕೇಳಿಕೊಂಡು ಬಂದಿದ್ದರು. ಅರ್ಜಿ ಮುಗಿದ ಮೇಲೆ ಫ್ರೇಮನ್ನು ಕೌಂಟರಿನ ಮೇಲಿಟ್ಟರು.

‘ಇದರ ಝೆರಾಕ್ಸ ತಗಿ. ಅರ್ಜಿಗೆ ಜೋಡಸೂನು. ಸಾಹೇಬ್ರ ಫೋಟೋ ಐತಲ್ಲ ಮೂಲ್ಯಾಗ, ಅದು ಚಂದಗೆ ಬರಬೇಕು ನೋಡು.’

ಹಿಂದಿನ ಮೊಳೆ ಬಿಚ್ಚಿ, ಗಾಜು ತೆಗೆದು, ಝೆರಾಕ್ಸ್ ತೆಗೆದೆ. ಅರ್ಜಿಯ ಕೆಳಗೆ ‘ಲಗತ್ತು: ಮಾನಪತ್ರದ ಪ್ರತಿ’ ಎಂದು ಸೇರಿಸಿದೆ. ಕಾಕಾ ಹತ್ತು ಪ್ರತಿ ತೆಗೆಸಿದರು. ಹಣ ಬೇಡವೆಂದರೂ ಎಣಿಸಿ ಇಟ್ಟರು. ಕಚೇರಿಯಲ್ಲಿ ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಬಿದ್ದಿದೆ. ಎಂಜಿನಿಯರು ಬಂದು ಟೇಪು ಹಿಡಿದು ಗಟಾರ ಅಳೆದುಕೊಂಡು ಹೋದರು. ಅಂದಾಜು ಪಟ್ಟಿ ಮೇಲಿನವರ ಸಹಿಗೆ ಹೋಗಿದೆಯಂತೆ. ಉಳಿದ ಒಂಬತ್ತು ಪ್ರತಿ ಕಾಕಾನ ಕಡೆ ಇವೆ.